ಕೊಂಡು ತಂದ ತೊಗರಿಕಾಯಿ

"ಬರೂ ಮುಂದ ಅರ್ಧ ಕಿಲೋ ತೊಗರಿಕಾಯಿ ತಗೊಂಡು ಬಾ" ಅಂತ ಅವ್ವ ಫೋನಿನಲ್ಲಿ ಅಂದಾಗ ನಾನು ತಪ್ಪು ಕೇಳಿಸಿಕೊಂಡೆ ಅಂದುಕೊಂಡೆ. "ಏನ್ ಕಾಯಿ?" ಅಂದೆ. "ತೊಗರಿಕಾಯಿ. ಭಜ್ಜಿಗಿ ಬೇಕಲ್ಲ" ಅಂದು ಫೋನ್ ಇಟ್ಟಳು. ನಮ್ಮ ಕಡೆ ಭಜ್ಜಿ ಅಂದರೆ ಹಸಿಕಾಳು, ಸೊಪ್ಪು ಹಾಕಿ ಮಾಡುವ ಪಲ್ಯ, ಕರಿದದ್ದಲ್ಲ. ನಾಲ್ಕು ಎಕರೆ ತೊಗರಿ ಹೊಲ ಇರುವ ಮನೆಯ ಮಗಳು ನಾನು. ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಗಾಡಿಯವಳ ಮುಂದೆ ನಿಂತು ತೊಗರಿಕಾಯಿಗೆ ರೇಟು ಕೇಳುವಾಗ, ಗುರುತಿನವರು ಯಾರಾದರೂ ನೋಡುತ್ತಾರೇನೋ ಅಂತ ಒಮ್ಮೆ ಹಿಂದೆ ತಿರುಗಿ ನೋಡಿದ್ದು ಇನ್ನೂ ನೆನಪಿದೆ.

2022ರ ಡಿಸೆಂಬರ್ ಅದು. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, 23ಕ್ಕೆ, ಶುಕ್ರವಾರ. ಕ್ರಿಸ್ಮಸ್ 25ಕ್ಕೆ, ಐತಾರ. ಎರಡೂ ಹಬ್ಬ ಒಂದೇ ಸಲ ಸಿಗುತ್ತವೆ ಅಂತ, ಇಬ್ಬರ ನೈಟ್ ಡ್ಯೂಟಿ ನಾನೇ ಮಾಡಿಕೊಟ್ಟು ಮೂರು ದಿನ ರಜೆ ತೆಗೆದುಕೊಂಡಿದ್ದೆ. ನಾನು ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ನಮ್ಮೂರು ಚಿಂಚೋಳಿ ತಾಲ್ಲೂಕಿನಲ್ಲಿ, ತೆಲಂಗಾಣದ ಗಡಿಗೆ ಹತ್ತಿರ.

ಆ ವರ್ಷ ನಮ್ಮ ಕಡೆ ತೊಗರಿಗೆ ಏನಾಯಿತು ಅನ್ನುವುದು ಕಲಬುರಗಿ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಮೊದಲು ಮಳೆ ಬಿಡಲಿಲ್ಲ. ಜುಲೈಯಲ್ಲಿ ಹಾಕಿದ ಬೀಜ ಕೊಳೆತು ಅಪ್ಪ ಎರಡನೇ ಸಲ ಬಿತ್ತಿದ. ಹೊಲದಲ್ಲಿ ನೀರು ನಿಂತೇ ಇತ್ತು. ಆಮೇಲೆ ಬಿಸಿಲು ಬಿತ್ತು, ಗಿಡ ಎದ್ದಿತು, ಎದೆಮಟ್ಟ ಬಂತು, ಹೂವೂ ಬಿಟ್ಟಿತು. ಅಷ್ಟಾದ ಮೇಲೆ ನೆಟೆ ರೋಗ ಹೊಡೆಯಿತು. ಮುಂಜಾನೆ ಹಸಿರಿದ್ದ ಗಿಡ ನಾಲ್ಕು ದಿನದಲ್ಲಿ ಬಿಸಿನೀರು ಸುರಿದಂತೆ ಜೋಲು ಬೀಳುತ್ತಿತ್ತು. ಕಾಂಡ ಸೀಳಿ ನೋಡಿದರೆ ಒಳಗೆ ಕರಿ ಗೆರೆ. ಅದು ಮಣ್ಣಿನಲ್ಲಿರುವ ಶಿಲೀಂಧ್ರ, ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ, ತೊಗರಿಯ ಮೇಲೆ ತೊಗರಿ ಹಾಕಬೇಡಿ, ನಡುವೆ ಜೋಳ ಹಾಕಿ ಅಂತ ಕೃಷಿಯವರು ಹೇಳುತ್ತಾರೆ. ಹೇಳುವುದು ಖರೇ. ಆದರೆ ಗಂಜಿನ, ಅಂದರೆ ಧಾನ್ಯದ ಪೇಟೆಯ, ಅಡತಿ ದಲ್ಲಾಳಿಗಳು ಮುಂಗಡ ಕೊಡುವುದು ತೊಗರಿಗೆ, ಜೋಳಕ್ಕಲ್ಲ.

ಅಪ್ಪ ಗಂಜಿನಲ್ಲಿ 80 ಸಾವಿರ ತೆಗೆದುಕೊಂಡಿದ್ದ. ಅವ್ವನ ಬಂಗಾರದ ಬೋರಮಾಳ ಸರ ಬ್ಯಾಂಕಿನಲ್ಲಿ ಅಡವಿತ್ತು. ಬೆಳೆ ವಿಮೆಯವರಿಗೆ ಫೋನ್ ಹಚ್ಚಿದರೆ ಒಂದು ಒತ್ತಿ, ಎರಡು ಒತ್ತಿ ಅಂತ ಹುಡುಗಿಯ ದನಿ. ಅಪ್ಪ ಎರಡು ದಿನ ಒತ್ತಿ ಒತ್ತಿ ಬಿಟ್ಟ.

ನವೆಂಬರಿನಲ್ಲಿ ಆಯಿ, ಅಂದರೆ ನಮ್ಮಜ್ಜಿ, ಧಾರೂರು ಜಾತ್ರೆಗೆ ಹೋಗಿದ್ದಳು. ವಿಕಾರಾಬಾದ್ ಹತ್ತಿರ ನಡೆಯುವ ಮೆಥೋಡಿಸ್ಟರ ಜಾತ್ರೆ ಅದು. ಬೀದರ್, ಕಲಬುರಗಿ ಕಡೆಯಿಂದ ಜನ ಗಂಟುಮೂಟೆ ಕಟ್ಟಿಕೊಂಡು ಹೋಗಿ, ಟೆಂಟು ಹಾಕಿ, ಅಲ್ಲೇ ಅಡುಗೆ ಮಾಡಿಕೊಂಡು ಇದ್ದು ಬರುತ್ತಾರೆ. ಆಯಿ ಎಪ್ಪತ್ತು ದಾಟಿದರೂ ಒಂದು ವರ್ಷ ತಪ್ಪಿಸಿದವಳಲ್ಲ, ಕೊರೊನಾದ ದಿನಗಳನ್ನು ಬಿಟ್ಟು. ಈ ಸಲ ಹೊಲದ ಹಿಡಿ ಮಣ್ಣು ಸೆರಗಿಗೆ ಕಟ್ಟಿಕೊಂಡು ಹೋಗಿ ಪ್ರಾರ್ಥನೆ ಮಾಡಿಸಿಕೊಂಡು ಬಂದಳು. ಬರುವಷ್ಟರಲ್ಲಿ ಅರ್ಧ ಇದ್ದ ರೋಗ ಇಡೀ ಹೊಲ ಹಿಡಿದಿತ್ತು. ಅಪ್ಪ ಆ ಐತಾರದಿಂದ ಚರ್ಚಿಗೆ ಹೋಗುವುದು ಬಿಟ್ಟ.

ಇಷ್ಟು ನನಗೆ ಫೋನಿನಲ್ಲೇ ಗೊತ್ತಿತ್ತು. ಗೊತ್ತಿಲ್ಲದ್ದು ಊರಿಗೆ ಹೋದ ರಾತ್ರಿ ಗೊತ್ತಾಯಿತು.

ಗುರುವಾರ ರಾತ್ರಿ ನೀರು ಕುಡಿಯಲು ಎದ್ದವಳು ಆಯಿಯನ್ನು ಎಡವಿದೆ. ಯಾವಾಗಲೂ ಒಲೆ ಹತ್ತಿರ ಬೆಚ್ಚಗೆ ಮಲಗುವ ಆಯಿ, ಆ ಚಳಿಯಲ್ಲಿ ತಲಬಾಗಿಲಿನ ಹೊಸ್ತಿಲಿಗೆ ಅಡ್ಡ ಮಲಗಿದ್ದಳು. "ಇಲ್ಲ್ಯಾಕ ಆಯಿ?" ಅಂದರೆ, "ಗಾಳಿ ಬರ್ತದ" ಅಂದಳು. ಅವ್ವ ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು. ಹೂವಿಗೆ ಹೊಡೆದು ಉಳಿದಿದ್ದ ಎಣ್ಣೆ, ಅಂದರೆ ಕೀಟನಾಶಕದ ಡಬ್ಬಿ ಒಂದು ದಿನ ಇಟ್ಟ ಜಾಗದಲ್ಲಿ ಇರಲಿಲ್ಲವಂತೆ. ಹುಡುಕಿದರೆ ಬಂಡಿಯ ಕೆಳಗೆ ಸಿಕ್ಕಿತಂತೆ. ಅಪ್ಪ ಏನೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಅವ್ವ ಡಬ್ಬಿಯನ್ನು ಪಕ್ಕದ ಗೌಡರ ಮನೆಗೆ ಕೊಟ್ಟು ಬಂದಳು. ಆಯಿ ಅಂದಿನಿಂದ ಹೊಸ್ತಿಲಿಗೆ ಮಲಗತೊಡಗಿದಳು. ಒಂದು ತಿಂಗಳ ಮೇಲಾಗಿತ್ತು.

ಆ ಎಣ್ಣೆಯ ವಾಸನೆ ನನಗೆ ಚೆನ್ನಾಗಿ ಗೊತ್ತು. ನೈಟ್ ಡ್ಯೂಟಿಯಲ್ಲಿ ಅಂಥ ಕೇಸ್ ಬಂದರೆ ವಾರ್ಡಿನ ಬಾಗಿಲಲ್ಲೇ ಮೂಗಿಗೆ ಹತ್ತುತ್ತದೆ. ಹೊಟ್ಟೆ ತೊಳೆಸುವಾಗ ಕಾಲು ಹಿಡಿದು ನಿಂತವಳು ನಾನು. ಆ ರಾತ್ರಿ ಹಿತ್ತಲಲ್ಲಿ ನಿಂತು ಪ್ರಾರ್ಥನೆ ಮಾಡಬೇಕು ಅಂದುಕೊಂಡೆ. ಒಂದು ಮಾತೂ ಹೊರಡಲಿಲ್ಲ. ಒಳಗೆ ಬಂದು ಆಯಿಯ ಪಕ್ಕ ಹೊಸ್ತಿಲಲ್ಲೇ ಮಲಗಿದೆ.

ಮರುದಿನ ಎಳ್ಳಮಾಸಿ. ಕ್ರೈಸ್ತರಿಗೆ ಎಳ್ಳಮಾಸಿ ಏನು ಅಂತ ಊರ ಹೊರಗಿನವರು ಕೇಳುತ್ತಾರೆ. ನಮ್ಮ ಮುತ್ಯಾನ, ಅಂದರೆ ಅಜ್ಜನ, ಅಪ್ಪ ನಿಜಾಮನ ಕಾಲದಲ್ಲಿ, ಅಮೆರಿಕದ ಮೆಥೋಡಿಸ್ಟ್ ಮಿಷನರಿಗಳು ಬೀದರ್ ಕಡೆ ಓಡಾಡುತ್ತಿದ್ದಾಗ ದೀಕ್ಷಾಸ್ನಾನ ತೆಗೆದುಕೊಂಡವನು. ದೇವರು ಬದಲಾದ, ಹೊಲ ಬದಲಾಗಲಿಲ್ಲ. ಎಳ್ಳಮಾಸಿಗೆ ನಾವೂ ಹೊಲಕ್ಕೆ ಹೋಗುತ್ತೇವೆ. ಐದು ಕಲ್ಲಿಟ್ಟು ಪೂಜೆ ಮಾಡುವುದಿಲ್ಲ, ಹೊಲದಲ್ಲಿ ನೈವೇದ್ಯ ಎರಚುವ ಚರಗ ಚೆಲ್ಲುವುದಿಲ್ಲ. ಆಯಿ ಬದುವಿನ ಮೇಲೆ ನಿಂತು ಪ್ರಾರ್ಥನೆ ಮಾಡುತ್ತಾಳೆ, ಆಮೇಲೆ ಸಜ್ಜಿ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಗೌಡರ ಹೊಲದಿಂದ ನಮಗೆ ಭಜ್ಜಿ ಬರುತ್ತದೆ, ನಮ್ಮಿಂದ ಅವರಿಗೆ ಕ್ರಿಸ್ಮಸ್‌ಗೆ ಕರ್ಚಿಕಾಯಿ ಹೋಗುತ್ತದೆ. ಇದರ ಬಗ್ಗೆ ಯಾವ ಪಾಸ್ಟರೂ ಇದುವರೆಗೆ ನಮ್ಮ ಆಯಿಯ ಹತ್ತಿರ ವಾದ ಮಾಡಿ ಗೆದ್ದಿಲ್ಲ.

ಸುತ್ತಲ ಹೊಲಗಳಿಂದ ಚರಗದ ಕೂಗು ಕೇಳುತ್ತಿತ್ತು. ಆದರೆ ದನಿಯಲ್ಲಿ ಹುರುಪಿರಲಿಲ್ಲ, ಎಲ್ಲರ ಹೊಲವೂ ಕಂದು ಬಣ್ಣವೇ. ನಮ್ಮ ಹೊಲದೊಳಗೆ ಕಾಲಿಟ್ಟರೆ ಒಣಗಿದ ಎಲೆ ಹಪ್ಪಳದಂತೆ ಮುರಿಯುತ್ತಿತ್ತು. ನಾನು ಕೊಂಡು ತಂದ ತೊಗರಿಕಾಯಿ ಹಾಕಿದ ಭಜ್ಜಿಯನ್ನು ಆ ಗಿಡಗಳ ನಡುವೆ ಕೂತು ತಿಂದೆವು. ಅಪ್ಪ ಒಂದು ಕಾಳನ್ನು ಬೆರಳಲ್ಲಿ ಹಿಡಿದು ನೋಡಿದ. "ಎಷ್ಟು ಕೊಟ್ಟಿ ಕಿಲೋಕ?" ಅಂದ. ಹೇಳಿದೆ. ನಕ್ಕ. ಆ ನಗು ನನಗೆ ಸೇರಲಿಲ್ಲ.

ಆಯಿ ಪ್ರಾರ್ಥನೆಗೆ ಎದ್ದಾಗ ಅಪ್ಪ ಏಳಲಿಲ್ಲ. ಬೆನ್ನು ತಿರುಗಿಸಿ ಕೂತ. ನಾನು ಕಸಿವಿಸಿಯಿಂದ ಆಯಿಯ ಮುಖ ನೋಡಿದೆ. ಆಕೆ ತನ್ನ ಪಾಡಿಗೆ ಮುಗಿಸಿ ಆಮೆನ್ ಅಂದು, ಬುತ್ತಿ ಕಟ್ಟುವಾಗ ನನಗಷ್ಟೇ ಕೇಳುವ ಹಾಗೆ ಅಂದಳು: "ಮುನಿಸ್ಕೊಳ್ಳಲಿ ಬಿಡು. ದೇವ್ರಿಲ್ಲ ಅಂದವ ಯಾರ ಮ್ಯಾಲ ಮುನಿಸ್ಕೊಂತಾನ?"

ಆಯಿಯ ಲೆಕ್ಕ ಪೂರ್ತಿ ತಪ್ಪಾಗಿರಲಿಲ್ಲ. ಆ ತಿಂಗಳು ನಮ್ಮ ಸಂಬಂಧಿಕರೊಬ್ಬರು ಅಪ್ಪನಿಗೆ ಬುದ್ಧಿ ಹೇಳಿದ್ದರು: "ಆ ಚರ್ಚ್ ಕಾಗದದಾಗಾದ್ರೂ ಬಿಟ್ಟುಬಿಡು, ಏನ್ ಸಿಕ್ಕದ ನಿನಗ ಅಲ್ಲಿ?" ಅವರು ಹೇಳಿದ್ದು ಜಾತಿ ಸರ್ಟಿಫಿಕೇಟಿನ ವಿಷಯ. 1950ರ ರಾಷ್ಟ್ರಪತಿ ಆದೇಶದಲ್ಲಿ ಹಿಂದೂಗಳಾಗಿದ್ದ ದಲಿತರು ಮಾತ್ರ ಪರಿಶಿಷ್ಟ ಜಾತಿ. 1956ರಲ್ಲಿ ಸಿಖ್ಖರು ಸೇರಿದರು, 1990ರಲ್ಲಿ ಬೌದ್ಧರು. ಕ್ರೈಸ್ತರು ಇನ್ನೂ ಹೊರಗೆ. ಒಂದೇ ಕೇರಿ, ಒಂದೇ ಬಾವಿ, ಒಂದೇ ಅವಮಾನ. ಆದರೆ ಸವಲತ್ತಿನ ಅರ್ಜಿ ಮಾತ್ರ ಒಂದೇ ಅಲ್ಲ. ಅಪ್ಪ ಅವರಿಗೆ ಕೊಟ್ಟ ಉತ್ತರವನ್ನು ಅವ್ವ ಹೇಳಿದಳು: "ಜಗಳ ಆಡೀನಂತ ಮನಿ ಬಿಟ್ಟು ಹೋಗ್ತಾರೇನು?"

ಶನಿವಾರ ಸಂಜೆ ಪಾಸ್ಟರ್ ಬಂದರು. ಚಿಕ್ಕ ವಯಸ್ಸು, ನಾಲ್ಕು ಊರಿಗೆ ಒಬ್ಬರೇ, ಒಂದು ಹಳೆ ಬೈಕು. ಆ ವರ್ಷ ಮತಾಂತರ ತಡೆ ಕಾಯ್ದೆ ಬಂದಿದ್ದರಿಂದ ಕ್ಯಾರಲ್‌ಗೆ ಹೋಗುವಾಗಲೂ ನಮ್ಮ ಹುಡುಗರು ಧೋಲಕ್ ಸದ್ದು ಇಳಿಸಿ, ನಮ್ಮವರ ಮನೆಗಳಿಗಷ್ಟೇ ಹೋಗಿ ಬರುತ್ತಿದ್ದರು. ನಮ್ಮೂರಲ್ಲಿ ಯಾರೂ ಏನೂ ಅನ್ನಲಿಲ್ಲ, ಆದರೂ ಪಾಸ್ಟರ್ ಮುಖದಲ್ಲಿ ದಣಿವಿತ್ತು. ನಾನು ಛಾ ಕೊಟ್ಟೆ. ಅಪ್ಪ ಕಟ್ಟೆಯ ಮೇಲೆ ಕೂತಲ್ಲಿಂದ ಏಳದೆ ವಂದನೆ ಹೇಳಿದ.

ಇನ್ನು ಬೈಬಲಿನಲ್ಲಿ ಎಲ್ಲ ಕಳೆದುಕೊಂಡ ಯೋಬನ ಕತೆ ಬರುತ್ತದೆ ಅಂದುಕೊಂಡೆ. ಕಷ್ಟದಲ್ಲಿರುವವರ ಮನೆಗೆ ಬಂದವರೆಲ್ಲ ಯೋಬನನ್ನು ಕರೆದುಕೊಂಡೇ ಬರುತ್ತಾರೆ. ಯೋಬನ ಮೂವರು ಗೆಳೆಯರೂ ಹಾಗೇ ಬಂದು ಉಪದೇಶ ಮಾಡಿ ಕೊನೆಗೆ ದೇವರಿಂದ ಬೈಸಿಕೊಂಡಿದ್ದನ್ನು ಯಾರೂ ಜ್ಞಾಪಿಸಿಕೊಳ್ಳುವುದಿಲ್ಲ. ಇವರು ಬೈಬಲ್ ಬ್ಯಾಗಿನಿಂದ ತೆಗೆಯಲೇ ಇಲ್ಲ. "ಎಷ್ಟ್ ಲುಕ್ಸಾನ ಆಯ್ತು ಕಾಕಾ?" ಅಂದರು.

ಅಪ್ಪ ಸಿಡುಕಿದ. "ನನಗೇನ್ ಕೇಳ್ತೀರಿ? ನಿಮ್ಮ ದೇವ್ರಿಗಿ ಕೇಳ್ರಿ."

"ಕೇಳ್ತೀನಿ. ಏನೇನ್ ಕೇಳ್ಲಿ, ಒಂದೊಂದೇ ಹೇಳ್ರಿ."

ಅಪ್ಪ ಅವರ ಮುಖವನ್ನೇ ನೋಡಿದ, ಚೇಷ್ಟೆ ಮಾಡುತ್ತಿದ್ದಾರೋ ಏನೋ ಅಂತ. ಆಮೇಲೆ ಶುರು ಮಾಡಿದ. ಎರಡು ಸಲದ ಬೀಜ. ಎರಡು ಸಲದ ಬಿತ್ತಿಗೆ. ಕಳೆ ತೆಗೆದ ಹೆಣ್ಣಾಳುಗಳ ಕೂಲಿ. ಡಿಎಪಿ ಗೊಬ್ಬರ. ಹೂವಿಗೆ ಹೊಡೆದ ಎಣ್ಣೆ, ಎರಡು ಸಲ. ಅದನ್ನು ಹೇಳುವಾಗ ಒಂದು ಗಳಿಗೆ ನಿಂತ, ಒಳಗಿನಿಂದ ಅವ್ವನ ಬಳೆ ಸದ್ದೂ ನಿಂತಿತು. ಮತ್ತೆ ಮುಂದುವರಿಸಿದ. ಅಡತಿಯವರ ಬಡ್ಡಿ. ಬೋರಮಾಳ. ಒಳ್ಳೆ ವರ್ಷ ಎಕರೆಗೆ ನಾಲ್ಕೈದು ಕ್ವಿಂಟಲ್ ಬರುವ ಹೊಲದಲ್ಲಿ ಈ ವರ್ಷ ಒಂದು ಸೇರೂ ಇಲ್ಲ. ರಾಶಿ ಆದ ದಿನ ಮೊದಲ ಸೇರು ಚರ್ಚಿಗೆ ತೆಗೆದಿಟ್ಟು ಆಮೇಲೆ ಚೀಲ ತುಂಬುವ ಮನೆ ನಮ್ಮದು, ಒಂದು ವರ್ಷ ತಪ್ಪಿಸಿಲ್ಲ, ಇದನ್ನೂ ಕೇಳ್ರಿ ಅಂದ. ಒಂದು ತಾಸಿನ ಮೇಲಾಯಿತು. ಛಾ ಆರಿ ಕೆನೆ ಕಟ್ಟಿತು. ಪಾಸ್ಟರ್ ಸಮಾಧಾನದ ಒಂದು ಮಾತೂ ಹೇಳಲಿಲ್ಲ. ಹೊರಡುವಾಗ, ನಾಳೆ ಊಟದ ಪಟ್ಟಿ, ಅಂದರೆ ವಂತಿಗೆ, ಮನೆಗೆ 200 ರೂಪಾಯಿ ಅಂತ ಆಗಿದೆ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂದರು.

ಅದು ಅಪ್ಪನಿಗೆ ಚುಚ್ಚಿತು. "ಪಟ್ಟಿ ಕೊಡದ ಮನಿ ಅಲ್ಲ ನಮ್ದು" ಅಂತ ರಾತ್ರಿಯೆಲ್ಲ ಗೊಣಗಿದ. ನನ್ನ ಹತ್ತಿರ ದುಡ್ಡಿತ್ತು, ಕೊಡುತ್ತೇನೆ ಅಂದೆ. ಕೈ ಬೀಸಿದ.

ಕ್ರಿಸ್ಮಸ್ ಮುಂಜಾನೆ ನಾವು ಏಳುವ ಮೊದಲೇ ಹಾಸಿಗೆ ಖಾಲಿ. ಹೊಸ್ತಿಲಲ್ಲಿ ಮಲಗಿದ್ದ ಆಯಿಯನ್ನು ದಾಟಿ ಹೇಗೆ ಹೋದ ಅಂತ ನನ್ನ ಎದೆ ಧಸಕ್ಕೆಂದಿತು. ಆಯಿ ಎಚ್ಚರವಾಗಿಯೇ ಇದ್ದಳು. "ಕುಡಗೋಲು ಒಯ್ದಾನ" ಅಂದಳು. ನನಗೆ ಮತ್ತಷ್ಟು ಭಯ. ಹೊಲಕ್ಕೆ ಓಡಿದೆ. ಮಂಜಿನಲ್ಲಿ ಏನೂ ಕಾಣಲಿಲ್ಲ, ಕಟ್ ಕಟ್ ಅನ್ನುವ ಸದ್ದಷ್ಟೇ ಕೇಳಿತು. ಅಪ್ಪ ಒಣಗಿದ ತೊಗರಿ ಗಿಡ ಕೊಯ್ದು ಕೊಯ್ದು ಹೊರೆ ಕಟ್ಟುತ್ತಿದ್ದ. ಗೌಡರ ಬಂಡಿ ಬದುವಿನ ಹತ್ತಿರ ನಿಂತಿತ್ತು. "ನಿಂತು ಏನ್ ನೋಡ್ತಿ, ಹಗ್ಗ ಹಿಡಿ" ಅಂದ. ಹಿಡಿದೆ. ಅಂಗೈ ತುಂಬ ತರಚಿತು.

ತೊಗರಿ ಕಟಗಿ ನಮ್ಮ ಕಡೆ ಎಲ್ಲ ಮನೆಯ ಒಲೆ ಉರುವಲು. ಝಳ ಜೋರು, ಹೊಗೆ ಕಡಿಮೆ. ರಾಶಿ ಮುಗಿದ ಮೇಲೆ ಉಳಿಯುವ ಕಟಗಿ ಅದು. ಈ ಸಲ ರಾಶಿಯೇ ಇಲ್ಲದೆ ಬಂತು. ಬಂಡಿ ತುಂಬ ಹೇರಿಕೊಂಡು ಹೋಗಿ ಚರ್ಚಿನ ಹಿಂದೆ ಮೂರು ಕಲ್ಲಿಟ್ಟು ದೊಡ್ಡ ಡೇಗ್ ಏರಿಸುತ್ತಿದ್ದವರ ಮುಂದೆ ಅಪ್ಪ ಇಳಿಸಿದ. "ನಮ್ಮ ಪಟ್ಟಿ" ಅಂದ. ಯಾರೂ ಏನೂ ಅನ್ನಲಿಲ್ಲ. ಒಬ್ಬರು ಕಟಗಿ ಮುರಿದು, ಕರಿ ಗೆರೆ ನೋಡಿ, ಒಲೆಗೆ ಹಾಕಿದರು. ಅವರ ಹೊಲದ್ದೂ ಅದೇ ಕತೆ.

ಆರಾಧನೆ ಹನ್ನೊಂದಕ್ಕೆ ಅಂತ ಹೇಳಿದ್ದರು. ಪಾಸ್ಟರ್ ಎರಡು ಊರು ಮುಗಿಸಿ ಬರುವಾಗ ಒಂದೂವರೆ. ಅಪ್ಪ ಒಳಗೆ ಬರಲಿಲ್ಲ. ಒಲೆ ನೋಡಿಕೊಳ್ಳುವವರು ಬೇಕಲ್ಲ ಅಂತ ಹಿಂದೆಯೇ ಕೂತ. ನಾನು ಕಿಟಕಿಯ ಪಕ್ಕ ಕೂತೆ, ಒಂದು ಕಣ್ಣು ಹೊರಗೆ ಇಟ್ಟುಕೊಂಡೇ. ಹಾಡು ಆಯಿತು, ಚಿಕ್ಕ ಮಕ್ಕಳ ನಾಟಕ ಆಯಿತು. ಕುರುಬನಾದ ಹುಡುಗನ ಕಂಬಳಿ ಜಾರಿ ಎಲ್ಲರೂ ನಕ್ಕರು. ಆಮೇಲೆ ಪಾಸ್ಟರ್ ಪ್ರಾರ್ಥನೆಗೆ ನಿಂತರು. ಸರ್ಕಾರಕ್ಕಾಗಿ, ಕಾಯಿಲೆಯವರಿಗಾಗಿ, ಎಂದಿನಂತೆ. ನಂತರ ದನಿ ಬದಲಾಯಿಸದೆ, ಅಂಗಡಿಯವ ಉದ್ದರಿ ಪುಸ್ತಕ ಓದಿದಂತೆ ಶುರು ಮಾಡಿದರು. ತಂದೆಯೇ, ಈ ಊರಿನ ರೈತರು ಎರಡು ಸಲ ಬೀಜ ಹಾಕಿದ್ದಾರೆ. ಎರಡು ಸಲದ ಬಿತ್ತಿಗೆ ಕೊಟ್ಟಿದ್ದಾರೆ. ಕಳೆ ತೆಗೆಸಿದ್ದಾರೆ. ಹೂವಿಗೆ ಎರಡು ಸಲ ಎಣ್ಣೆ ಹೊಡೆದಿದ್ದಾರೆ. ಗಂಜಿನಲ್ಲಿ ಬಡ್ಡಿ ಓಡುತ್ತಿದೆ. ಹೆಣ್ಣುಮಕ್ಕಳ ಬಂಗಾರ ಬ್ಯಾಂಕಿನಲ್ಲಿದೆ. ಪ್ರತಿ ವರ್ಷ ನಿನಗೆ ಮೊದಲ ಸೇರು ಕೊಟ್ಟವರು ಕೇಳುತ್ತಿದ್ದಾರೆ, ಯಾಕೆ ಹೀಗೆ ಮಾಡಿದಿ?

ಅಷ್ಟೇ. ಉತ್ತರದ ಭಾಗ ಬರಲಿಲ್ಲ. ಆಮೆನ್ ಅನ್ನಲು ಜನಕ್ಕೆ ತುಸು ಹೊತ್ತು ಹಿಡಿಯಿತು. ಆಯಿ ಎಲ್ಲರಿಗಿಂತ ಜೋರಾಗಿ ಅಂದಳು.

ನಾನು ಕಿಟಕಿಯಾಚೆ ನೋಡಿದೆ. ಅಪ್ಪ ಕೈಯಲ್ಲಿ ಕಟಗಿ ಹಿಡಿದವನು ಒಲೆಗೆ ಹಾಕುವುದನ್ನು ಮರೆತು ಹಾಗೇ ಕೂತಿದ್ದ. ನನ್ನನ್ನು ಕಂಡು ತಲೆ ಅಲ್ಲಾಡಿಸಿದ, ಬೇಜಾರಾದವನಂತೆ.

ಆಶೀರ್ವಾದ ಮುಗಿದು ಹೊರಗೆ ಬಂದರೆ ಪಾಸ್ಟರ್ ಆಗಲೇ ಒಲೆಯ ಹತ್ತಿರ ನಿಂತಿದ್ದರು. ಅಪ್ಪ ಅವರಿಗೆ ಹೇಳುತ್ತಿದ್ದ: "ಡಿಎಪಿ ಬಿಟ್ರಲ್ರಿ."

"ಬಿಟ್ಟೆನಾ?"

"ಎರಡು ಚೀಲ. ಕೂಲಿ ಆದ ಮ್ಯಾಲೇ ಅದನ್ನ ಹೇಳಿದ್ದೆ."

ಪಾಸ್ಟರ್ ಕೈ ಮುಗಿದು ತಪ್ಪಾಯಿತು ಅಂದರು. ಇನ್ನೊಂದು ಊರು ಬಾಕಿ ಇದೆ, ಹೊರಡುತ್ತೇನೆ ಅಂದರು. ಅಪ್ಪ ಡೇಗಿನ ಮುಚ್ಚಳ ತೆಗೆದು, ಹಬೆಗೆ ಮುಖ ಹಿಂದೆ ಸರಿಸಿ, ನನ್ನ ಕಡೆ ನೋಡಿ ಅಂದ, "ಪಾಸ್ಟರ್‌ಗ ಒಂದು ತಾಟು ತಗೊಂಡು ಬಾ. ಉಂಡು ಹೋಗ್ಲಿ, ಮುಂಜಾನಿಂದ ಏನೂ ತಿಂದಂಗಿಲ್ಲ."