ಕಕ್ಕಡದ ಮಳೆ, ಕಪ್ಪು ಕುಪ್ಯ, ಕಪ್ಪು ದಾರ

ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕದ ಮಳೆಯ ತಿಂಗಳಲ್ಲಿ, ಮಡಿಕೇರಿ ಕಡೆಯ ಹೊಲಿಗೆ ಅಂಗಡಿಗಳಿಗೆ ಕೆಲಸ ಕಡಿಮೆ. ಕೊಡವರಲ್ಲಿ ಆ ತಿಂಗಳು ಮದುವೆ ಮುಹೂರ್ತ ಇಡುವುದಿಲ್ಲ. ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬರುತ್ತಿದೆ ಎಂದು ಮುಂಚಿತವಾಗಿ ಬಟ್ಟೆ ಕೊಟ್ಟವರ ಒಂದೆರಡು ಕುಪ್ಯ (ಕೊಡವ ಗಂಡಸರ ಉದ್ದ ಕೋಟು) ಮಾತ್ರ ಮೇಜಿನ ಮೇಲಿರುತ್ತವೆ. ಇದು ಅಂಥ ಒಂದು ದಿನದ ಮಾತು. ಹೊರಗೆ ಬಿಡದ ಮಳೆ, ಒಳಗೆ ತುಳಿಯುವ ಕಪ್ಪು ಮಿಷನ್, ಬಟ್ಟೆಯನ್ನು ಒತ್ತಿಹಿಡಿಯುವ ಅದರ ಪಾದದ ಕೆಳಗೆ ಕಪ್ಪು ಸೂಟಿಂಗ್ ಬಟ್ಟೆಯ ಕುಪ್ಯದ ತೋಳು.

ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿದರೆ ಹೊಲಿಗೆ ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ಮೇಲ್ಮುಖ ನುಣ್ಣಗಿತ್ತು. ತಿರುಗಿಸಿ ಸವರಿದರೆ ಟರ್ಕಿ ಟವೆಲ್ ಮುಟ್ಟಿದ ಹಾಗೆ. ಕೆಲಸ ಕಲಿಯಲು ಬರುವ ಹುಡುಗಿ ಆಗಲೇ ಬಾಬಿನ್ ಕೇಸ್, ಅಂದರೆ ಕೆಳಗಿನ ದಾರ ಸುತ್ತಿದ ಬಾಬಿನ್ ಕೂರುವ ಲೋಹದ ಗೂಡನ್ನು, ಹೊರಗೆ ತೆಗೆದು ಅದರ ತಿರುಪಿಗೆ ಕೈ ಹಾಕಿದ್ದಳು. "ಅಕ್ಕಾ, ಕೆಳಗೆ ಬಲೆ ಕಟ್ಟಿದೆ, ಕೆಳಗಿನ ಟೆನ್ಷನ್ ಹೋಗಿದೆ." "ಅದನ್ನ ಮುಟ್ಟಬೇಡ. ಕೆಳಗೆ ಜೋಲು ಬಿದ್ದರೆ ಮೇಲೆ ನೋಡಬೇಕು," ಎಂದೆ ನಾನು. ಟೆನ್ಷನ್ ಎಂದರೆ ದಾರದ ಮೇಲಿನ ಹಿಡಿತ.

ಎಲ್ಲರೂ ಎಡವುವುದು ಇಲ್ಲೇ. ಬಟ್ಟೆಯ ಕೆಳಗೆ ಜೋಲು ಬಿದ್ದ ಕುಣಿಕೆಗಳು ಬಾಬಿನ್ ದಾರದ್ದಲ್ಲ, ಮೇಲಿನ ದಾರದ್ದು. ಸೂಜಿಯ ಕೆಳಗೆ ಓಡಾಡುವ ಶಟಲ್‌ನ ಮೂತಿ ಸೂಜಿಯ ಹಿಂದಿನಿಂದ ಮೇಲಿನ ದಾರದ ಕುಣಿಕೆಯನ್ನು ಹಿಡಿದು ಬಾಬಿನ್ ಕೇಸಿನ ಸುತ್ತ ದಾಟಿಸುತ್ತದೆ. ಆಮೇಲೆ ಮಿಷನ್ನಿನ ತಲೆಯಲ್ಲಿ ಮೇಲೆ ಕೆಳಗೆ ಆಡುವ ಟೇಕಪ್ ಲಿವರ್ ಆ ದಾರವನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ಹಾಗೆ ಎಳೆಯುವಾಗ ಟೆನ್ಷನ್ ಬಿಲ್ಲೆಗಳು, ಅಂದರೆ ಮೇಲಿನ ದಾರ ನಡುವೆ ಹಾಯುವ ಎರಡು ಲೋಹದ ತಟ್ಟೆಗಳು, ದಾರವನ್ನು ಹಿಡಿದಿರದಿದ್ದರೆ ಲಿವರ್ ಕೆಳಗಿನ ಕುಣಿಕೆ ಎಳೆಯುವ ಬದಲು ರೀಲಿನಿಂದ ಹೊಸ ದಾರ ಎಳೆದುಕೊಳ್ಳುತ್ತದೆ. ಕುಣಿಕೆ ಕೆಳಗೇ ಉಳಿಯುತ್ತದೆ. ಇದು ತಿರುಗುಮುರುಗಾಗಿ, ಬಟ್ಟೆಯ ಮೇಲ್ಮುಖದಲ್ಲಿ ಬಾಬಿನ್ ದಾರ ಚುಕ್ಕಿ ಚುಕ್ಕಿಯಾಗಿ ಕಂಡರೆ ಮೇಲಿನದು ಬಿಗಿ, ಇಲ್ಲವೇ ಬಾಬಿನ್ ಸಡಿಲ.

ಕಪ್ಪಿನ ಮೇಲೆ ಇದನ್ನೆಲ್ಲ ಊಹೆಯಲ್ಲಿ ಸರಿಮಾಡಲು ಹೋದರೆ ದಿನ ಮುಗಿಯುತ್ತದೆ. ಹಾಗಾಗಿ ಕುಪ್ಯ ಬದಿಗಿಟ್ಟು, ಗಟ್ಟಿ ಬಿಳಿ ಹತ್ತಿ ಬಟ್ಟೆಯ ತುಂಡನ್ನು ಎರಡು ಪದರ ಮಡಿಸಿ, ಮೇಲೆ ಕೆಂಪು ದಾರ, ಬಾಬಿನ್‌ಗೆ ನೀಲಿ ದಾರ ಹಾಕಿದೆವು. ಎರಡೂ ಒಂದೇ ಕಂಪನಿಯ, ಒಂದೇ ದಪ್ಪದ ದಾರ ಆಗಿರಬೇಕು. ಮೇಲೆ ಪಾಲಿಯೆಸ್ಟರ್, ಕೆಳಗೆ ಹಳೇ ಹತ್ತಿ ದಾರ ಹಾಕಿ ಮಾಡಿದ ಪರೀಕ್ಷೆಗೆ ಅರ್ಥವಿಲ್ಲ.

ದಾರ ಪೋಣಿಸುವಾಗ ಪಾದ ಮೇಲಿರಬೇಕು. ಪಾದ ಎತ್ತಿದಾಗ ಮಾತ್ರ ಟೆನ್ಷನ್ ಬಿಲ್ಲೆಗಳು ಬಿಟ್ಟುಕೊಳ್ಳುತ್ತವೆ, ದಾರ ನಡುವೆ ಇಳಿಯುತ್ತದೆ. ಪಾದ ಇಳಿಸಿ ಪೋಣಿಸಿದರೆ ದಾರ ಬಿಲ್ಲೆಗಳ ಅಂಚಿನ ಮೇಲೆ ಕೂತು ಜಾರುತ್ತದೆ, ಹೊರನೋಟಕ್ಕೆ ಎಲ್ಲ ಸರಿಯಿದ್ದ ಹಾಗೇ ಇರುತ್ತದೆ. ಕೆಳಗೆ ಬಲೆ ಕಟ್ಟಿದ ದೂರುಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ಮುಗಿಯುತ್ತವೆ. ಆ ದಿನ ಮುಗಿಯಲಿಲ್ಲ.

ಮುಂದಿನದು ಕೈಯಲ್ಲಿ ಎಳೆದು ನೋಡುವುದು. ಸೂಜಿಗೆ ಪೋಣಿಸುವ ಮೊದಲು ಪಾದ ಎತ್ತಿ ದಾರ ಎಳೆದರೆ ಸಲೀಸಾಗಿ ಬರಬೇಕು. ಪಾದ ಇಳಿಸಿ ಎಳೆದರೆ ಒಂದೇ ಸಮನಾದ ಹಿಡಿತ ಸಿಗಬೇಕು. ನಮ್ಮದರಲ್ಲಿ ಪಾದ ಇಳಿಸಿದರೂ ಹಿಡಿತವಿಲ್ಲ. ಟೆನ್ಷನ್ ಹೊಂದಿಸುವ ಅಂಕಿಯ ಡಯಲ್ 4ರಲ್ಲಿತ್ತು. 5ಕ್ಕೆ ತಿರುಗಿಸಿದರೂ ಅಷ್ಟೇ, 6ಕ್ಕೂ ಅಷ್ಟೇ. 7 ದಾಟಿದ ಕೂಡಲೇ ಕಟ್ ಎಂದು ಹಿಡಿದು ದಾರವೇ ತುಂಡಾಯಿತು. ಸ್ವಲ್ಪ ಹಿಂದೆ ತಿರುಗಿಸಿದರೂ ಹಿಡಿತ ಉಳಿಯಿತು. ಪಾದ ಒಮ್ಮೆ ಎತ್ತಿ ಇಳಿಸಿದರೆ ಮತ್ತೆ ಪೂರ್ತಿ ಸಡಿಲ.

ಈ ಲಕ್ಷಣ ಗೊತ್ತಿರಬೇಕು. ಟೆನ್ಷನ್ ಬರೀ ಹೆಚ್ಚು ಕಡಿಮೆ ಆಗಿದ್ದರೆ ಡಯಲ್ ತಿರುಗಿಸಿದಂತೆ ಹಿಡಿತವೂ ಮೆಲ್ಲಗೆ ಏರುತ್ತದೆ. ನಡುವಿನ ಹಂತವೇ ಇಲ್ಲದೆ ಒಂದೋ ಸಡಿಲ, ಇಲ್ಲವೋ ಬಿಗಿ ಎಂದಾದರೆ ಒಳಗೆ ಏನೋ ಸಿಕ್ಕಿಕೊಂಡಿದೆ. ಅಲ್ಲಿಂದ ಮುಂದೆ ಎಷ್ಟು ತಿರುಗಿಸಿದರೂ ಸುಮ್ಮನೆ.

ಟೆನ್ಷನ್ ಬಿಚ್ಚುವ ಮೊದಲು ಕೆಳಗೊಂದು ಬಿಳಿ ಬಟ್ಟೆ ಹಾಸಿ, ತೆಗೆದ ಸಾಮಾನನ್ನು ಎಡದಿಂದ ಬಲಕ್ಕೆ ತೆಗೆದ ಕ್ರಮದಲ್ಲೇ ಇಡಬೇಕು. ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಮೊದಲು ತಿರುಗಿಸುವ ನಟ್ಟು ಮತ್ತು ಅಂಕಿಯ ಡಯಲ್, ಆಮೇಲೆ ಜೇನುಗೂಡಿನ ಹಾಗೆ ಒಂದು ಕಡೆ ಕಿರಿದಾಗಿ ಬರುವ ಸ್ಪ್ರಿಂಗ್, ಆಮೇಲೆ ನಡುವೆ ಅಡ್ಡಪಟ್ಟಿ ಇರುವ ವಾಷರ್, ಕೊನೆಗೆ ಎರಡು ಬಿಲ್ಲೆಗಳು. ಎಲ್ಲವೂ ಸೀಳಿರುವ ಒಂದು ಗೂಟದ ಮೇಲೆ ಕೂತಿರುತ್ತವೆ. ಆ ಗೂಟದ ಒಳಗೆ ಟೊಳ್ಳು, ಟೊಳ್ಳಿನಲ್ಲಿ ಒಂದು ಸಣ್ಣ ಪಿನ್. ಪಾದ ಎತ್ತಿದಾಗ ಹಿಂದಿನ ಲಿವರ್ ಈ ಪಿನ್ನನ್ನು ಹೊರಕ್ಕೆ ತಳ್ಳುತ್ತದೆ, ಪಿನ್ ವಾಷರಿನ ಅಡ್ಡಪಟ್ಟಿಯನ್ನು ತಳ್ಳುತ್ತದೆ, ಸ್ಪ್ರಿಂಗಿನ ಒತ್ತಡ ಬಿಲ್ಲೆಗಳ ಮೇಲಿಂದ ಸರಿಯುತ್ತದೆ. ಪಾದ ಇಳಿದಾಗ ಪಿನ್ ಹಿಂದಕ್ಕೆ ಹೋಗಬೇಕು.

ನಮ್ಮ ಪಿನ್ ಹಿಂದಕ್ಕೆ ಹೋಗುತ್ತಿರಲಿಲ್ಲ. ಅದಕ್ಕೆ ಕೆಂಪು ತುಕ್ಕು, ತುಕ್ಕಿನ ಮೇಲೆ ಹಳದಿ ಅಂಟು. ಅಂಟು ಎಲ್ಲಿಂದ ಬಂತು ಎಂದು ಕೇಳಬೇಕಾಗಿಯೇ ಇಲ್ಲ: ತೆಂಗಿನೆಣ್ಣೆ. ಮಿಷನ್ ಎಣ್ಣೆ ಮುಗಿದ ದಿನ ಯಾರೋ ತಲೆಗೆ ಹಚ್ಚುವ ಎಣ್ಣೆಯನ್ನೇ ಎರಡು ತೊಟ್ಟು ಬಿಟ್ಟಿರುತ್ತಾರೆ. ಅದು ನಮ್ಮ ಚಳಿಗೆ ಹೆಪ್ಪುಗಟ್ಟುತ್ತದೆ, ಕಾಲ ಕಳೆದಂತೆ ಧೂಳು ಸೇರಿ ಮೇಣವಾಗುತ್ತದೆ. ಡಯಲ್ 7ಕ್ಕೆ ಬಂದಾಗ ಸ್ಪ್ರಿಂಗಿನ ಬಲಕ್ಕೆ ಪಿನ್ ಒಮ್ಮೆಲೇ ಒಳಗೆ ಜಾರುತ್ತಿತ್ತು. ಆಗ 7ರ ಪೂರ್ತಿ ಒತ್ತಡ ದಾರದ ಮೇಲೆ. ಪಾದ ಎತ್ತಿದರೆ ಪಿನ್ ಮತ್ತೆ ಹೊರಗೆ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಪಿನ್ನನ್ನು ಸೀಮೆಎಣ್ಣೆಯಲ್ಲಿ ಹತ್ತು ನಿಮಿಷ ನೆನೆಸಿ, ತುಕ್ಕನ್ನು ತೀರಾ ನಯವಾದ ಸ್ಯಾಂಡ್‌ಪೇಪರಿನಿಂದ ಉದ್ದಕ್ಕೆ ಉಜ್ಜಿ, ಗೂಟದ ಟೊಳ್ಳನ್ನು ಕಡ್ಡಿಗೆ ಸುತ್ತಿದ ಬಟ್ಟೆಯಿಂದ ಒರೆಸಿದೆವು. ಬಿಲ್ಲೆಗಳ ನಡುವೆ ದಾರದ ನಾರು ತೇವ ಹಿಡಿದು ಕಂಬಳಿಯ ಚೂರಿನ ಹಾಗೆ ಕೂತಿತ್ತು. ಬಿಲ್ಲೆಗೆ ಸ್ಯಾಂಡ್‌ಪೇಪರ್ ಮುಟ್ಟಿಸಬಾರದು, ಗೀರು ಬಿದ್ದರೆ ದಾರ ಅಲ್ಲೇ ಸವೆಯುತ್ತದೆ. ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿದರೆ ಸಾಕು. ಬಿಲ್ಲೆಗೆ ಎಣ್ಣೆಯನ್ನೂ ಬಿಡಬಾರದು. ಜೋಡಿಸುವಾಗ ಎರಡು ಬಿಲ್ಲೆಗಳ ಉಬ್ಬಿದ ಮುಖಗಳು ಒಂದಕ್ಕೊಂದು ತಾಗಿರಬೇಕು. ವಾಷರಿನ ಅಡ್ಡಪಟ್ಟಿ ಗೂಟದ ಸೀಳಿನಲ್ಲಿ ಕೂರಬೇಕು. ಪಿನ್ ಹಾಕಲು ಮರೆತವರೂ ಇದ್ದಾರೆ. ಆಗ ಪಾದ ಎತ್ತಿದರೂ ಬಿಲ್ಲೆ ಬಿಡುವುದಿಲ್ಲ, ಬಟ್ಟೆ ಹೊರಗೆಳೆಯುವಾಗ ಸೂಜಿ ಬಗ್ಗುತ್ತದೆ.

ಪಕ್ಕದಲ್ಲಿರುವ ತೆಳು ತಂತಿಯ ಸ್ಪ್ರಿಂಗನ್ನೂ ನೋಡಿದೆವು. ದಾರ ಅದರ ಕೊಕ್ಕೆಯಲ್ಲಿ ಸಿಕ್ಕಿರಬೇಕು, ಸೂಜಿಯ ತುದಿ ಬಟ್ಟೆಗೆ ತಾಗುವ ಹೊತ್ತಿಗೆ ಅದರ ಎಳೆತ ಮುಗಿದಿರಬೇಕು. ಅದು ಮುರಿದಿದ್ದರೆ ಸೂಜಿ ಇಳಿಯುವಾಗ ದಾರ ಜೋಲುಬಿದ್ದು ಸೂಜಿಯ ಮೂತಿಗೇ ಸಿಕ್ಕಿ ಸೀಳುತ್ತದೆ. ನಮ್ಮದು ಸರಿಯಿತ್ತು.

ಇಷ್ಟಾದ ಮೇಲೆ 4ರಲ್ಲೇ ಹೊಲಿದರೆ ಬಲೆ ಹೋಯಿತು. ಆದರೆ ಒಂದು ಗೇಣು ಚೆನ್ನಾಗಿ, ಮುಂದಿನ ಎರಡು ಇಂಚು ಕೆಂಪು ದಾರ ಕೆಳಗೆ ಹಣಕುವುದು, ಮತ್ತೆ ಚೆನ್ನಾಗಿ. ಹೀಗೆ ಬಂದು ಹೋಗುವ ದೋಷ ಹೆಚ್ಚಾಗಿ ಬಾಬಿನ್ ಕಡೆಯದು. ಈಗ ಕೇಸನ್ನು ಮುಟ್ಟಬಹುದು. ಬಾಬಿನ್ ಹಾಕಿದ ಕೇಸನ್ನು ದಾರದ ತುದಿ ಹಿಡಿದು ತೂಗಬಿಟ್ಟರೆ ತಾನಾಗಿ ಇಳಿಯಬಾರದು. ಕೈಯನ್ನು ಸ್ವಲ್ಪ ಜಗ್ಗಿದರೆ ಒಂದಿಂಚು ಇಳಿದು ನಿಲ್ಲಬೇಕು. ನಮ್ಮದು ಒಮ್ಮೆ ಒಂದಿಂಚು ಇಳಿಯಿತು, ಒಮ್ಮೆ ಅಲುಗಲೇ ಇಲ್ಲ. ಕೇಸಿನ ಎಲೆ ಸ್ಪ್ರಿಂಗಿನ ಅಡಿಯಲ್ಲಿ ತುಕ್ಕಿನ ಒಂದು ಗೆರೆ, ಗೆರೆಯ ಬಾಯಲ್ಲಿ ನೂಲಿನ ಉಂಡೆ.

ವಿಸಿಟಿಂಗ್ ಕಾರ್ಡಿನ ಮೂಲೆಯನ್ನು ಸ್ಪ್ರಿಂಗಿನ ಅಡಿ ಜಾರಿಸಿ ಎಳೆದರೆ ಉಂಡೆ ಬರುತ್ತದೆ. ಸೂಜಿಯಿಂದ ಕೆರೆಯಬಾರದು. ತುಕ್ಕಿದ್ದರೆ ಸ್ಪ್ರಿಂಗ್ ಬಿಚ್ಚಲೇಬೇಕು. ತಿರುಪುಗಳು ಸಾಸಿವೆಯಷ್ಟು, ನೆಲಕ್ಕೆ ಬಿದ್ದರೆ ಆಸೆ ಬಿಡುವುದೇ, ಆದ್ದರಿಂದ ಊಟದ ತಟ್ಟೆಯೊಳಗೆ ಕೈಯಿಟ್ಟು ಬಿಚ್ಚಬೇಕು. ಎರಡರಲ್ಲಿ ಒಂದು ಸ್ಪ್ರಿಂಗನ್ನು ಹಿಡಿದಿಡುವುದು, ನಡುವಿನದು ಬಿಗಿ ಹೊಂದಿಸುವುದು. ಹೊಂದಿಸುವಾಗ ಗಡಿಯಾರದ ಮುಳ್ಳು 12ರಿಂದ 1ಕ್ಕೆ ಹೋದಷ್ಟೇ ತಿರುಗಿಸಿ ಮತ್ತೆ ತೂಗಿ ನೋಡಬೇಕು. ಬಾಬಿನ್ ಹಾಕುವ ದಿಕ್ಕೂ ಮುಖ್ಯ: ದಾರ ಸುತ್ತಿ ಬಂದ ದಿಕ್ಕಿನಿಂದ ಹಿಂದಕ್ಕೆ ಮಡಚಿಕೊಂಡು ಸೀಳಿನೊಳಗೆ ಹೋಗಬೇಕು. ನೇರವಾಗಿ ಹೊರಟರೆ ಹೊಲಿಯುತ್ತಿರುವಾಗಲೇ ಸ್ಪ್ರಿಂಗಿನಿಂದ ಜಾರಿ ಆಚೆ ಬರುವುದುಂಟು.

ಸಮ ಆಗಿದೆಯೇ ಎಂದು ತಿಳಿಯಲು ಹಳೇ ದರ್ಜಿಗಳ ಪರೀಕ್ಷೆಯನ್ನು ಮೀರಿದ್ದು ಇನ್ನೊಂದಿಲ್ಲ. ಬಿಳಿ ತುಂಡಿನ ಮೇಲೆ ಮೂಲೆಯಿಂದ ಮೂಲೆಗೆ, ಓರೆಯಾಗಿ, ಒಂದು ಸಾಲು ಹೊಲಿದು ಎರಡೂ ತುದಿ ಹಿಡಿದು ಜಗ್ಗಬೇಕು. ಓರೆಯಲ್ಲಿ ಬಟ್ಟೆ ಹಿಗ್ಗುತ್ತದೆ, ದಾರ ಹರಿಯುತ್ತದೆ. ಕೆಂಪು ಮಾತ್ರ ಹರಿದರೆ ಮೇಲಿನದು ಬಿಗಿ, ನೀಲಿ ಮಾತ್ರ ಹರಿದರೆ ಕೆಳಗಿನದು. ಮೊದಲ ಸಲ ನೀಲಿ ಹರಿಯಿತು. ಕೇಸಿನ ತಿರುಪನ್ನು ಎಡಕ್ಕೆ ಒಂದು ಗಂಟೆಯಷ್ಟು ಬಿಟ್ಟೆವು. ಎರಡನೇ ಸಲ ಎರಡೂ ಒಟ್ಟಿಗೆ ಹರಿದವು.

ಕುಪ್ಯದ ತೋಳು ಮತ್ತೆ ಪಾದದ ಕೆಳಗೆ ಬಂತು. ತೋಳು ಸೇರುವ ಜಾಗದಲ್ಲಿ ಬಟ್ಟೆ, ಅಸ್ತರು, ಮಡಿಕೆ ಎಲ್ಲ ಸೇರಿ ಆರೇಳು ಪದರ. 14ನೇ ನಂಬರಿನ ಸೂಜಿ ಅಲ್ಲಿ ಬಾಗಿ ಹೊಲಿಗೆ ಬಿಟ್ಟುಬಿಡುತ್ತದೆ. ಜನ ಅದಕ್ಕೂ ಟೆನ್ಷನ್ನನ್ನೇ ಬೈಯುತ್ತಾರೆ. 16 ಹಾಕಿದೆವು. ದಾರಕ್ಕೆ ಸೂಜಿ ಹೊಂದುತ್ತದೆಯೇ ಎಂದು ನೋಡಲು, ಗೇಣುದ್ದದ ದಾರಕ್ಕೆ ಸೂಜಿ ಪೋಣಿಸಿ ಓರೆಯಾಗಿ ಬಿಗಿಹಿಡಿದರೆ ಸೂಜಿ ತನ್ನ ಭಾರಕ್ಕೇ ಜಾರಬೇಕು. ಜಾರದಿದ್ದರೆ ಕಣ್ಣು ಕಿರಿದು, ದಾರ ಅಲ್ಲೇ ಉಜ್ಜಿಕೊಂಡು ಟೆನ್ಷನ್ ಬಿಗಿಯಾದಂತೆ ಕಾಣುತ್ತದೆ. ಸೂಜಿಯ ಉದ್ದ ಗೀರು ಯಾವ ಕಡೆಗಿದೆಯೋ ಆ ಕಡೆಯಿಂದಲೇ ದಾರ ಒಳಹೋಗಬೇಕು.

ಸಂಜೆ ಮಿಷನ್ ಮುಚ್ಚುವಾಗ ದಾರವನ್ನು ರೀಲಿನ ಕಡೆಗೆ ಎಳೆಯಲಿಲ್ಲ. ಹಾಗೆ ಎಳೆದರೆ ನಾರೆಲ್ಲ ವಾಪಸು ಬಿಲ್ಲೆಗಳ ನಡುವೆ ಸೇರುತ್ತದೆ. ಪಾದ ಎತ್ತಿ, ರೀಲಿನ ಬಳಿ ಕತ್ತರಿಸಿ, ಸೂಜಿಯ ಕಡೆಯಿಂದ ಹೊರಗೆಳೆಯಬೇಕು. ಮಳೆಗಾಲದಲ್ಲಿ ಮಿಷನ್ನಿಗೆ ಪ್ಲಾಸ್ಟಿಕ್ ಹೊದಿಸುವುದೂ ತಪ್ಪು, ಒಳಗಿನ ತೇವ ಅಲ್ಲೇ ಬೆವರುತ್ತದೆ. ಹಳೇ ಹತ್ತಿ ಪಂಚೆ ಹೊದಿಸಿದರೆ ಸಾಕು. ಬಾಬಿನ್ ಕೇಸು, ಸೂಜಿ, ದಾರ ಮುಚ್ಚಳ ಬಿಗಿಯಿರುವ ಸ್ಟೀಲ್ ಡಬ್ಬಿಗೆ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿಯವರಿಗೆ ಇದು ಅತಿ ಅನ್ನಿಸಬಹುದು. ಭಾಗಮಂಡಲದ ಕಡೆಯವರನ್ನು ಕೇಳಬೇಕು.

ಮರುದಿನ ಬೆಳಿಗ್ಗೆ ಕುಪ್ಯದ ಪಕ್ಕದ ಹೊಲಿಗೆ ಸಣ್ಣಗೆ ಸುರುಗಿತ್ತು, ರಾತ್ರಿ ನೇರವಾಗಿಯೇ ಇದ್ದದ್ದು. ಟೆನ್ಷನ್ ಮತ್ತೆ ತೂಗಿ ನೋಡಿದರೆ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಕಪ್ಪು ಬಾಬಿನ್ನನ್ನು ಹುಡುಗಿ ಬೆರಳಲ್ಲಿ ದಾರ ಬಿಗಿಹಿಡಿದು, ಜೋರಾಗಿ ತುಳಿದು ಸುತ್ತಿದ್ದಳು. ಪಾಲಿಯೆಸ್ಟರ್ ದಾರ ಹಾಗೆ ಹಿಗ್ಗಿಕೊಂಡೇ ಬಾಬಿನ್‌ಗೆ ಸೇರುತ್ತದೆ, ಹೊಲಿದ ಮೇಲೆ ರಾತ್ರಿಯೆಲ್ಲ ಮೆಲ್ಲಗೆ ಕುಗ್ಗುತ್ತದೆ. ಪಕ್ಕದ ಎರಡು ಹೊಲಿಗೆ ಬಿಚ್ಚಿ, ಬಾಬಿನ್ ಖಾಲಿ ಮಾಡಿ, ದಾರವನ್ನು ಬಾಬಿನ್ ಸುತ್ತಲೆಂದೇ ಇರುವ ಬಿಲ್ಲೆಗಳ ನಡುವೆ ಮಾತ್ರ ಹಾಯಿಸಿ, ನಿಧಾನವಾಗಿ, ಅಂಚಿಗಿಂತ ಕೂದಲಷ್ಟು ಕಡಿಮೆ ತುಂಬುವಂತೆ ಅವಳೇ ಮತ್ತೆ ಸುತ್ತಿದಳು.