ಹೆಗ್ಗಣದ ಬಿಲದ ಗಾಳಿ: ಆಟಿ ಮಳೆಯ ಅಪ್‌ಡೇಟ್

ಕಾಸರಗೋಡಿನ ಬದಿಯಡ್ಕದ ಹತ್ತಿರ ಕಟ್ಟಪುಣಿಯ (ಗದ್ದೆಯ ಬದುವಿನ) ಹೆಗ್ಗಣದ ಬಿಲಕ್ಕೆ ಹಾಕಿದ, ಗಾಳಿ ಅಳೆಯುವ ಸೆನ್ಸರ್ ಈಗ ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲೂ ಓಡುತ್ತಿದೆ. ಹೊರಗಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು ಶೇ. 0.04. ಮಳೆ ಜೋರಾಗಿ ಹೊಡೆದ ರಾತ್ರಿ ಬಿಲದೊಳಗೆ ಅದು ಶೇ. 1 ದಾಟಿತು!

ಕಾರಣ ಎರಡು. ಹೆಗ್ಗಣ ಒಳಗೆ ಹೋದ ಮೇಲೆ ಬಿಲದ ಬಾಯಿಗೆ ಮಣ್ಣು ತುಂಬಿ ಮುಚ್ಚಿಕೊಳ್ಳುತ್ತದೆ. ಮಣ್ಣು ಒಣಗಿದ್ದರೆ ಅದರ ಸಂದುಗಳಲ್ಲಿ ಗಾಳಿ ಹೋಗಿ ಬಂದು ಮಾಡುತ್ತದೆ, ಆದರೆ ಆ ಸಂದುಗಳಲ್ಲಿ ನೀರು ತುಂಬಿದರೆ ಅದೂ ಬಂದ್, ಯಾಕೆಂದರೆ ಅನಿಲಗಳು ನೀರಿನಲ್ಲಿ ಹರಡುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ.

ಸಾಮಾನಿನ ಬಗ್ಗೆ ಚುಟುಕಾಗಿ. ಕೋಣೆಗೆ ಇಡುವ ಎಂಎಚ್-ಝಡ್19 ತರದ ಸೆನ್ಸರ್ 5000 ಪಿಪಿಎಂವರೆಗೆ, ಅಂದರೆ ಶೇ. 0.5ರವರೆಗೆ ಮಾತ್ರ. ಹಾಗಾಗಿ ಶೇ. 5ರವರೆಗೆ ಅಳೆಯುವುದನ್ನು ತರಿಸಿದೆ. ಸುಮ್ನೆ ಗಾಳಿ ಎಳೆದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದಲ್ವಾ? ಅದಕ್ಕೆ ತೋಟಕ್ಕೆ ಹನಿ ನೀರು ಬಿಡುವ ಡ್ರಿಪ್‌ನ ಸಪುರ ಪೈಪು ಎರಡು: ಒಂದರಲ್ಲಿ ಎಳೆದು, ಸಿಲಿಕಾ ಜೆಲ್‌ನಲ್ಲಿ ತೇವ ತೆಗೆದು, ಅಳೆದ ಗಾಳಿಯನ್ನು ಇನ್ನೊಂದರಲ್ಲಿ ಬಿಲಕ್ಕೇ ವಾಪಸ್. ಪೈಪಿನ ತುದಿಯನ್ನು ಹೆಗ್ಗಣ ಕಡಿದು ಹಾಕಿದ್ದರಿಂದ ಈಗ ಅಲ್ಲಿ ಸ್ಟೀಲ್ ಕೊಳವೆ ಇದೆ.

ನಮ್ಮ ಕಡೆ ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಸುರಂಗ ತೋಡುವವರು ಒಳಗೆ ಮೇಣದ ಬತ್ತಿ ಹಚ್ಚಿಡುತ್ತಾರೆ. ಅದು ಮಂಕಾದರೆ ಹೊರಗೆ ಬರಬೇಕು. ಆಮ್ಲಜನಕ ಶೇ. 21ರಿಂದ 16ರ ಹತ್ತಿರ ಇಳಿದರೆ ಬತ್ತಿ ಆರುತ್ತದೆ. ಇಸ್ರೇಲಿನಲ್ಲಿ ಕುರುಡು ಮೋಲ್-ರ್ಯಾಟ್‌ನ (ನೆಲದೊಳಗೇ ಬದುಕುವ ಇಲಿಯಂಥ ಪ್ರಾಣಿಯ) ಬಿಲಗಳಲ್ಲಿ ಮಳೆಯ ನಂತರ ಅಳೆದಾಗ ಸಿಕ್ಕಿದ್ದು ಆಮ್ಲಜನಕ ಶೇ. 7, ಕಾರ್ಬನ್ ಡೈಆಕ್ಸೈಡ್ ಶೇ. 6ರ ಆಸುಪಾಸು. ಅದರಲ್ಲೇ ಅವು ಮಣ್ಣು ತೋಡುತ್ತವೆ!

ನಮಗೆ ಉಸಿರು ಕಟ್ಟಿದ ಹಾಗಾಗುವುದು ಹೆಚ್ಚಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದಾಗ. ಬಿಲವಾಸಿಗಳ ಮಿದುಳು ಅದಕ್ಕೆ ಅಷ್ಟು ಗಾಬರಿ ಬೀಳುವುದಿಲ್ಲ, ಇಲ್ಲದಿದ್ದರೆ ಅವು ದಿನವಿಡೀ ಏದುಸಿರು ಬಿಡುತ್ತಾ ಇರಬೇಕಿತ್ತು. ಎಷ್ಟೋ ಬಿಲವಾಸಿಗಳ ಹಿಮೋಗ್ಲೋಬಿನ್ ಆಮ್ಲಜನಕ ಕಡಿಮೆ ಇರುವ ಗಾಳಿಯಿಂದಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುತ್ತದೆ. ಸೋಡಾ ಮೂಗಿಗೇರಿದರೆ ಉರಿಯುವ ಹಾಗೆ ಈ ಅನಿಲವೂ ಮೂಗು ಕಣ್ಣಿನ ತೇವದಲ್ಲಿ ಆಮ್ಲವಾಗಿ ಚುರುಗುಟ್ಟಬೇಕು, ಆದರೆ ಪೂರ್ವ ಆಫ್ರಿಕದ, ಮೈಮೇಲೆ ಕೂದಲೇ ಇಲ್ಲದಂಥ ನೇಕೆಡ್ ಮೋಲ್-ರ್ಯಾಟ್‌ಗೆ ಆಮ್ಲದ ಉರಿ ಗೊತ್ತಾಗುವುದೇ ಇಲ್ಲ. 2017ರ ಪ್ರಯೋಗದಲ್ಲಿ ಅದು ಆಮ್ಲಜನಕವೇ ಇಲ್ಲದೆ 18 ನಿಮಿಷ ಉಳಿಯಿತು, ಆಗ ಅದರ ಮಿದುಳು ಮತ್ತು ಹೃದಯ ಫ್ರಕ್ಟೋಸ್ ಸಕ್ಕರೆಯಿಂದ ಶಕ್ತಿ ತೆಗೆದವು.

ಚಳಿನಿದ್ದೆ (ಚಳಿಗಾಲವಿಡೀ ಬಿಲದಲ್ಲಿ ನಿದ್ದೆ) ಮಾಡುವ ಪ್ರಾಣಿಗಳ ದಾರಿ ಬೇರೆ. ಅವು ಆಮ್ಲಜನಕದ ಖರ್ಚನ್ನೇ ಕಡಿಮೆ ಮಾಡುತ್ತವೆ. ಆರ್ಕ್ಟಿಕ್ ನೆಲ ಅಳಿಲಿನ ಮೈ ಮೈನಸ್ 2.9 ಡಿಗ್ರಿವರೆಗೆ ತಣ್ಣಗಾಗುತ್ತದೆ, ಹೃದಯ ನಿಮಿಷಕ್ಕೆ ಕೆಲವೇ ಸಲ ಬಡಿಯುತ್ತದೆ, ಉಸಿರಿನ ನಡುವೆ ದೊಡ್ಡ ಬಿಡುವು. ತಣ್ಣನೆ ರಕ್ತ ಆಮ್ಲಜನಕವನ್ನು ಇನ್ನೂ ಬಿಗಿ ಹಿಡಿಯುತ್ತದೆ.

ನಮ್ಮ ಹೆಗ್ಗಣಕ್ಕೆ ಆ ನಿದ್ದೆ ಇಲ್ಲ. ಆ ಮುಚ್ಚಿದ ಬಿಲದಲ್ಲೇ ಅದು ಭತ್ತ ತಿಂದು ಮರಿ ಸಾಕುತ್ತದೆ. ನನಗೆ ಈ ಪ್ರಾಣಿಯ ಮೇಲೆ ಇಷ್ಟು ಕುತೂಹಲ ಹುಟ್ಟಿದ್ದೇ ಅದಕ್ಕೆ.

ಶೇ. 1ರಲ್ಲಿ ಹೆಗ್ಗಣದ ಪಾಲೆಷ್ಟು, ಬೇರು ಮತ್ತು ಮಣ್ಣಿನ ಸೂಕ್ಷ್ಮಜೀವಿಗಳ ಪಾಲೆಷ್ಟು ಎಂದು ಬೇರೆ ಮಾಡಬೇಕು. ಅದೇ ಪುಣಿಯಲ್ಲಿ ಖಾಲಿ ತೂತು ಕೊರೆದು, ಬಾಯಿ ಮುಚ್ಚಿ, ಎರಡನ್ನೂ ಒಟ್ಟಿಗೆ ಅಳೆಯುತ್ತೇನೆ. ತುಲಾ ಮಳೆಯ (ಅಕ್ಟೋಬರ್-ನವೆಂಬರ್ ಮಳೆಯ) ಮೊದಲು ಆಮ್ಲಜನಕದ ಸೆನ್ಸರ್ ಕೂಡ ಸೇರಿಸುವ ಯೋಚನೆ ಇದೆ.