ಸುಮ್ನೆ ಒಂದು ಬೋಲ್ಟ್ ರೈಫಲ್ ತಗೋಬಾರದಾ?

ನವೆಂಬರ್ 9, 2025, ಭಾನುವಾರ

ಬೆಳಗ್ಗೆ ಹತ್ತಕ್ಕೆ ಮನೆ ಬಿಟ್ಟವನು ವಾಪಸ್ ಬಂದಾಗ ಮೂರು ದಾಟಿತ್ತು. ನೋಡಿದ್ದು ಎರಡೇ ರೈಫಲ್. ಒಂದು ಸ್ಯಾವೇಜ್ 99, ಇನ್ನೊಂದು ವಿಂಚೆಸ್ಟರ್ 88. ಎರಡೂ ಒಬ್ಬರೇ ಹಿರಿಯರ ಹತ್ತಿರ ಇದ್ದವು. ಅವರಿಗೆ ಈಗ ಭುಜದ ನೋವು, ಬೇಟೆ ಕಡಿಮೆ ಮಾಡಿದ್ದಾರೆ. "ಎರಡರಲ್ಲಿ ಒಂದನ್ನ ಕೊಡ್ತೀನಿ, ಯಾವುದು ಅಂತ ನೀನೇ ಹೇಳು" ಅಂದಿದ್ದರು. ಅದನ್ನ ಹೇಳೋದಕ್ಕೇ ಐದು ಗಂಟೆ ಹಿಡಿಯಿತು.

ಆರು ತಿಂಗಳಿಂದ ಒಂದು ಲಿವರ್ ರೈಫಲ್‌ಗಾಗಿ, ಅಂದರೆ ಟ್ರಿಗರ್ ಸುತ್ತಲಿನ ಬಳೆಯನ್ನು ಕೆಳಗೆ ತಳ್ಳಿ ಮೇಲೆ ಎಳೆದು ತೋಟಾ ತುಂಬುವ ರೈಫಲ್‌ಗಾಗಿ, ಹುಡುಕಾಟ ನಡೆದಿದೆ. ನನ್ನ ಗೆಳೆಯನೊಬ್ಬ ಪ್ರತಿ ಸಲ ಕೇಳುವುದು ಒಂದೇ ಪ್ರಶ್ನೆ: "ಸುಮ್ನೆ ಒಂದು ಬೋಲ್ಟ್ ರೈಫಲ್ ತಗೋಬಾರದಾ?" ನಾನು ಎಡಚ. ಬೋಲ್ಟ್ ಅಂದರೆ ತೋಟಾವನ್ನು ನಳಿಗೆಯೊಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಲೋಹದ ತುಂಡು. ಸಾಮಾನ್ಯ ಬೋಲ್ಟ್ ರೈಫಲ್‌ನಲ್ಲಿ ಅದರ ಹಿಡಿ ಬಲಗಡೆ ಇರುತ್ತದೆ, ಎರಡನೇ ಈಡಿಗೆ ಕೈಯನ್ನು ಮೇಲಿಂದ ಆಚೆ ಹಾಕಿ ಎಳೆಯಬೇಕು, ಅಷ್ಟರಲ್ಲಿ ಕಣ್ಣು ಗುರಿಯಿಂದ ಜಾರಿರುತ್ತದೆ. ಎಡಗೈಯವರಿಗೆ ಅಂತಲೇ ಮಾಡಿದ ಬೋಲ್ಟ್ ರೈಫಲ್‌ಗಳೂ ಇವೆ, ಅವನು ಅದನ್ನೂ ಹೇಳಿದ್ದಾನೆ. ಅವನ ಮಾತು ಸರಿ. ಆದರೆ ಲಿವರ್‌ಗೆ ಎಡ ಬಲ ಅನ್ನೋ ಭೇದವೇ ಇಲ್ಲ, ಕೆಳಗೆ ತಳ್ಳು, ಮೇಲೆ ಎಳೆ, ಮುಗಿಯಿತು. ಜೊತೆಗೆ ನನಗೆ ಅದರ ಸದ್ದು ಇಷ್ಟ. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ.

ಹಾಗಾದರೆ ವಿಂಚೆಸ್ಟರ್ 94 ತಗೋ, ಮಾರ್ಲಿನ್ 336 ತಗೋ, ಎಲ್ಲ ಕಡೆ ಸಿಗುತ್ತವೆ ಅಲ್ವಾ? ಸಿಗುತ್ತವೆ. 94 ಒಂದೇ 70 ಲಕ್ಷಕ್ಕೂ ಜಾಸ್ತಿ ತಯಾರಾಗಿದೆ. ನನ್ನ ತಕರಾರು ಇರೋದು ಅವುಗಳ ನಳಿಗೆಯ ಕೆಳಗಿನ ಕೊಳವೆಯ ಮೇಲೆ. ಆ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೆ ಒಂದು ಮಲಗಿರುತ್ತವೆ, ಹಿಂದಿನದರ ಮೂತಿ ಮುಂದಿನದರ ಬುಡಕ್ಕೆ ತಾಗಿಕೊಂಡು. ಆ ಬುಡದ ನಡುವೆಯೇ ಇರೋದು ಕಿಡಿ ಹೊತ್ತಿಸುವ ಪ್ರೈಮರ್. ಮೂತಿ ಚೂಪಾಗಿದ್ದರೆ ಒದೆತಕ್ಕೆ ಅದು ಪ್ರೈಮರ್‌ಗೆ ಹೊಡೆಯುವ ಫೈರಿಂಗ್ ಪಿನ್ ಕೆಲಸ ಮಾಡಿಬಿಡಬಹುದು, ಕೊಳವೆಯೊಳಗೇ ತೋಟಾ ಸಿಡಿಯಬಹುದು. ಅದಕ್ಕೇ ಅವುಗಳಿಗೆ ಚಪ್ಪಟೆ ಮೂತಿಯ ಗುಂಡು. ಚಪ್ಪಟೆ ಮೂತಿ ಗಾಳಿಯನ್ನು ಸೀಳಿಕೊಂಡು ಹೋಗುವುದಿಲ್ಲ, ತಳ್ಳಿಕೊಂಡು ಹೋಗುತ್ತದೆ, ಬೇಗ ವೇಗ ಕಳಕೊಳ್ಳುತ್ತದೆ. ಹಾರ್ನಡಿ ಕಂಪನಿ ಮೆತ್ತನೆಯ ತುದಿ ಇರುವ ಚೂಪು ಗುಂಡು ಮಾಡಿ ಇದಕ್ಕೆ ಒಂದು ದಾರಿ ತೋರಿಸಿದೆ ನಿಜ. ಆದರೂ .30-30, ಅಂದರೆ ಈ ರೈಫಲ್‌ಗಳ ಮಾಮೂಲು ತೋಟಾ, ಹಿಡಿದವರು 150 ಗಜ ದಾಟಿದರೆ ಯೋಚಿಸುತ್ತಾರೆ. ಪೊದೆ ಜಾಸ್ತಿ ಇರುವ ಕಾಡಿಗೆ ಅಷ್ಟು ಸಾಕು. ನಾನು ಕೂರುವ ಜಾಗದಲ್ಲಿ ಬಯಲು ಜಾಸ್ತಿ.

ಅಲ್ಲಿಂದ ನನ್ನ ಪಟ್ಟಿ ಚಿಕ್ಕದಾಯಿತು, ಮತ್ತು ವಿಚಿತ್ರವಾಯಿತು. ಲಿವರ್ ಇರಬೇಕು, ಚೂಪು ಗುಂಡು ಹೊಡೆಯಬೇಕು. ಈ ಎರಡನ್ನೂ ಕೂಡಿಸಲು ಹೊರಟವರು ನೂರು ವರ್ಷದಲ್ಲಿ ಬೆರಳೆಣಿಕೆಯಷ್ಟು ಜನ, ಒಬ್ಬೊಬ್ಬರದು ಒಂದೊಂದು ಉಪಾಯ.

ಮೊದಲು ಮನಸ್ಸು ಹೋಗಿದ್ದು ವಿಂಚೆಸ್ಟರ್ 1895ರ ಮೇಲೆ. ಜಾನ್ ಬ್ರೌನಿಂಗ್ ಕೊಳವೆ ಕಿತ್ತುಹಾಕಿ ಲಿವರ್ ಮುಂದೆ ಪೆಟ್ಟಿಗೆ ಕೂರಿಸಿದ. ತೋಟಾ ಒಂದರ ಮೇಲೆ ಒಂದು, ಮೂತಿ ಯಾರಿಗೂ ತಾಗಲ್ಲ. ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಹೊತ್ತುಕೊಂಡು ಹೋಗಿದ್ದು ಇದನ್ನೇ, .405 ತೋಟಾದಲ್ಲಿ. ಮೊದಲ ಮಹಾಯುದ್ಧದಲ್ಲಿ ರಷ್ಯಾದ ಸೈನ್ಯಕ್ಕೆ ಹತ್ತಿರ ಹತ್ತಿರ 3 ಲಕ್ಷ ಹೋದವು. ಓದೋಕೆ ಚಂದ. ಭುಜಕ್ಕಿಟ್ಟಾಗ ಗೊತ್ತಾಗಿದ್ದು, ಖಾಲಿ ಕೇಸು, ಅಂದರೆ ತೋಟಾದ ಹಿತ್ತಾಳೆ ಕವಚ, ನೇರ ಮೇಲಕ್ಕೆ ಹಾರುತ್ತದೆ, ಹಾಗಾಗಿ ಸ್ಕೋಪನ್ನು ಸರಿಯಾಗಿ ನಡುವೆ ಕೂರಿಸೋಕೆ ಆಗಲ್ಲ. ನನ್ನ ಕಣ್ಣಿಗೆ ಈಗ ಸ್ಕೋಪ್ ಬೇಕೇ ಬೇಕು. ಬಿಟ್ಟೆ.

ವಿಂಚೆಸ್ಟರ್‌ನದೇ ಮಾಡೆಲ್ 71 ಕೂಡ ಒಂದು ವಾರ ನಿದ್ದೆ ಕೆಡಿಸಿತು. 1886ರ ಮಾದರಿಯ ಹಳೆಯ ಗಟ್ಟಿ ಆಕ್ಷನ್ನನ್ನೇ, ಅಂದರೆ ತೋಟಾ ತುಂಬಿ ಹೊರಹಾಕುವ ಒಳಗಿನ ಯಂತ್ರವನ್ನೇ, ನಯ ಮಾಡಿ 1935ರಲ್ಲಿ ಹೊರಗೆ ತಂದದ್ದು, .348 ವಿಂಚೆಸ್ಟರ್ ಅನ್ನೋ ತೋಟಾ ಅದಕ್ಕೆಂದೇ ಹುಟ್ಟಿದ್ದು. ಲಿವರ್ ಎಳೆದರೆ ಬೆಣ್ಣೆ. ಆದರೆ ಅದೂ ಕೊಳವೆ, ಅದೂ ಚಪ್ಪಟೆ ಮೂತಿ. ನನ್ನ ನಿಯಮವನ್ನ ನಾನೇ ಮುರಿಯೋಕೆ ಹೊರಟಿದ್ದೆ.

ಬ್ರೌನಿಂಗ್ ಬಿಎಲ್ಆರ್ ಅನ್ನು ಹೋದ ತಿಂಗಳು ಇಡೀ ಒಂದು ದಿನ ಹೊತ್ತು ತಿರುಗಿದೆ. ಲಿವರ್‌ಗೂ ಬೋಲ್ಟ್‌ಗೂ ನಡುವೆ ಹಲ್ಲಿನ ಗಾಲಿ ಇದೆ, ಬೋಲ್ಟ್ ತಿರುಗಿ ಮುಂದುಗಡೆ ಬೀಗ ಹಾಕಿಕೊಳ್ಳುತ್ತದೆ, ಮ್ಯಾಗಜೀನು, ಅಂದರೆ ತೋಟಾ ಇಡುವ ಪೆಟ್ಟಿಗೆ, ಕಳಚಿ ಹಾಕಬಹುದು. ಉದ್ದ ಆಕ್ಷನ್ ಇರುವುದರಲ್ಲಿ .30-06 ಕೂಡ ಸಿಗುತ್ತದೆ. ಬುದ್ಧಿ ಇರುವವರು ಇದನ್ನೇ ತಗೊಳ್ಳುತ್ತಾರೆ ಅನಿಸಿತು, ಈಗಲೂ ಅನಿಸುತ್ತದೆ. ನನಗೆ ಹಿಡಿಸದೇ ಇದ್ದದ್ದು ಅದನ್ನು ಹೊರುವ ರೀತಿ. ನಡೆಯುವಾಗ ಕೈ ಸಹಜವಾಗಿ ಹಿಡಿಯುವ ಜಾಗದಲ್ಲೇ ಮ್ಯಾಗಜೀನಿನ ಅಂಚು ಅಂಗೈಗೆ ಒತ್ತುತ್ತಿತ್ತು. ಚಿಕ್ಕ ವಿಷಯ. ಆದರೆ ಬೇಟೆಯಲ್ಲಿ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಕೆಲಸ ಹೊರೋದೇ ಅಲ್ವಾ?

ಫಿನ್‌ಲ್ಯಾಂಡಿನ ಸಾಕೋ ಫಿನ್‌ವುಲ್ಫ್ ಬಗ್ಗೆ ಬರೆದರೆ ಹೊಟ್ಟೆ ಉರಿಯುತ್ತದೆ. ಒಂದೇ ಸಲ ಕಣ್ಣಿಗೆ ಬಿದ್ದಿತ್ತು, .243ರಲ್ಲಿ. ಒಂದೇ ಮರದ ಹಿಡಿ, ಹೊರಗೆ ಹ್ಯಾಮರ್ ಇಲ್ಲ, ದೂರದಿಂದ ನೋಡಿದರೆ ಬೋಲ್ಟ್ ರೈಫಲ್ಲಿಗೆ ಲಿವರ್ ಅಂಟಿಸಿದ ಹಾಗೆ. ಯೋಚಿಸಿ ಹೇಳ್ತೀನಿ ಅಂದೆ. ಯೋಚಿಸಿ ಮುಗಿಯುವ ಮೊದಲೇ ಬೇರೆ ಯಾರೋ ಒಯ್ದರು.

ಇನ್ನೊಂದು ಸಲ "ಪೂರ್ತಿ ಒರಿಜಿನಲ್" ಅಂತ ಜಾಹೀರಾತು ನೋಡಿ ಒಂದು ಸ್ಯಾವೇಜ್ 99ರ ಹಿಂದೆ ಅರ್ಧ ದಿನ ಪ್ರಯಾಣ ಮಾಡಿದೆ. ರಿಸೀವರ್, ಅಂದರೆ ಬೋಲ್ಟ್ ಕೂರುವ ಲೋಹದ ಮೈ, ಅದರ ಪಕ್ಕಕ್ಕೆ ಯಾರೋ ಹ್ಯಾಂಡ್ ಡ್ರಿಲ್‌ನಿಂದ ನಾಲ್ಕು ತೂತು ಹೊಡೆದು, ಅದರಲ್ಲಿ ಒಂದು ಓರೆಯಾಗಿ, ಆಮೇಲೆ ಸ್ಕ್ರೂ ತುಂಬಿ ಕಪ್ಪು ಬಣ್ಣ ಬಳಿದಿದ್ದರು. ಹಿಡಿಯ ತುದಿ ಕತ್ತರಿಸಿ ರಬ್ಬರ್ ಮೆತ್ತಿದ್ದರು. ಮಾರುವವನಿಗೆ ಕೇಳಿದರೆ, "ಒರಿಜಿನಲ್ ತೂತೇ" ಅಂದ. ಇಂಥ ಮುಖ ಇಟ್ಟುಕೊಂಡು ಸುಳ್ಳು ಹೇಳೋಕೆ ನನಗೂ ಬಂದಿದ್ದರೆ ಚೆನ್ನಾಗಿತ್ತು.

ಈಗ ಇವತ್ತಿನ ವಿಷಯ.

ಹಿರಿಯರು ಎರಡನ್ನೂ ಮೇಜಿನ ಮೇಲೆ ಕಂಬಳಿ ಹಾಸಿ ಮಲಗಿಸಿದ್ದರು. ನಾನು ಮೊದಲು ಎತ್ತಿದ್ದು 88. 1955ರಿಂದ 1973ರವರೆಗೆ ಮಾಡಿದ ರೈಫಲ್ ಇದು. ವಿಂಚೆಸ್ಟರ್‌ನವರು ಲಿವರ್ ರೈಫಲ್‌ನ ಹಳೆಯ ವೇಷವನ್ನೆಲ್ಲ ಕಳಚಿಟ್ಟು ಹೊಸದಾಗಿ ಯೋಚಿಸಿದ್ದು ಎದ್ದು ಕಾಣುತ್ತದೆ. ಬೋಲ್ಟ್ ತಲೆಯಲ್ಲಿ ಮೂರು ಕಿವಿ, ತಿರುಗಿ ನಳಿಗೆಯ ಹತ್ತಿರವೇ ಬೀಗ ಹಾಕುತ್ತವೆ. ಲಿವರ್ ಸುಮಾರು 60 ಡಿಗ್ರಿ ಹೋದರೆ ಸಾಕು, ಕೆನ್ನೆ ಹಿಡಿಯಿಂದ ಕದಲೋದೇ ಇಲ್ಲ. ಇವರದ್ದು .308. ಇದೇ ರೈಫಲ್ .243, .284ರಲ್ಲೂ ಬಂದಿತ್ತು, .358ರಲ್ಲಿ ಕೆಲವೇ ವರ್ಷ ಬಂತು, ಆ .358 ಅಂದರೆ ಈಗ ಸಂಗ್ರಹಕಾರರು ಪ್ರಾಣ ಬಿಡುತ್ತಾರೆ. .308ರ ಕೇಸಿನ ಬಾಯಿಯನ್ನೇ ಅಗಲ ಮಾಡಿದರೆ .358, ಕಿರಿದು ಮಾಡಿದರೆ .243. ಒಂದೇ ತಾಯಿ ಮಕ್ಕಳು.

ನಾನು ಲಿವರ್ ಎಳೆದೆ. ಟ್ರಿಗರ್ ಕೂಡ ಲಿವರ್ ಜೊತೆಗೇ ಕೆಳಗೆ ಹೋಯಿತು. 88ರ ವಿನ್ಯಾಸವೇ ಹಾಗೆ. ಬೆರಳು ಸಿಕ್ಕಿಹಾಕಿಕೊಳ್ಳುವ ಭಯ ಇಲ್ಲ, ಒಳ್ಳೆಯದೇ. ಆದರೆ ಟ್ರಿಗರ್ ತನ್ನ ಮನೆ ಬಿಟ್ಟು ಹೋಗಿ ವಾಪಸ್ ಬಂದು ಒಳಗಿನ ಸರಪಳಿಗೆ ಮತ್ತೆ ಕೈ ಕೊಡಬೇಕು, ಅದರ ಬೆಲೆಯನ್ನು ಬೆರಳು ತೆರುತ್ತದೆ. ಖಾಲಿ ಇದೆ ಅಂತ ಮೂರು ಸಲ ನೋಡಿ, ಗೋಡೆಯ ಒಂದು ಮೊಳೆಗೆ ಗುರಿ ಹಿಡಿದು ಒತ್ತಿದೆ. ಒತ್ತಿದೆ, ಒತ್ತಿದೆ, ಇನ್ನೂ ಒತ್ತಿದೆ. ಎತ್ತಿನ ಗಾಡಿ ದಿಣ್ಣೆ ಹತ್ತಿದ ಹಾಗೆ ಎಳಕೊಂಡು ಹೋಗಿ ಕೊನೆಗೆ ಟಕ್ ಅಂತು. "ಅದು ಹಾಗೇನೇ" ಅಂದರು ಹಿರಿಯರು, "ಅಭ್ಯಾಸ ಆಗುತ್ತೆ." ಅವರಿಗೆ ಮೂವತ್ತು ವರ್ಷದ ಅಭ್ಯಾಸ.

ಆಮೇಲೆ 99. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ ಆರ್ಥರ್ ಸ್ಯಾವೇಜ್ ಯೋಚಿಸಿದ್ದು ಇದು, 1899ರ ಮಾಲು, ನೂರು ವರ್ಷದಷ್ಟು ಕಾಲ ಹತ್ತು ಲಕ್ಷಕ್ಕೂ ಜಾಸ್ತಿ ತಯಾರಾಯಿತು. ಪೂರ್ತಿ ಅಪರೂಪ ಅನ್ನೋಕಾಗಲ್ಲ, ಆದರೆ ಕೆಡಿಸದೇ ಉಳಿದದ್ದು ಅಪರೂಪ. ಇವನ ಉಪಾಯ ಬೇರೆಯೇ. ಕೊಳವೆಯೂ ಇಲ್ಲ, ಪೆಟ್ಟಿಗೆಯೂ ಇಲ್ಲ, ರಿಸೀವರ್ ಹೊಟ್ಟೆಯೊಳಗೆ ಒಂದು ತಿರುಗುವ ಉರುಳೆ. ಒಂದೊಂದು ತೋಟಾ ಒಂದೊಂದು ಗಾಡಿಯಲ್ಲಿ ಕೂರುತ್ತದೆ, ಮಕ್ಕಳ ರಾಟೆಯಲ್ಲಿ ಕೂತ ಹಾಗೆ, ಯಾರ ಮೂತಿಯೂ ಯಾರ ಬುಡಕ್ಕೂ ತಾಗಲ್ಲ. ಹಾಗಾಗಿ ಚೂಪು ಗುಂಡಿಗೆ ಅಡ್ಡಿ ಇಲ್ಲ. 1915ರಲ್ಲಿ ಚಾರ್ಲ್ಸ್ ನ್ಯೂಟನ್ ಇದಕ್ಕೆಂದು ಮಾಡಿದ .250 ತೋಟಾಕ್ಕೆ .250-3000 ಅಂತಲೇ ಹೆಸರಿಟ್ಟರು, ಸೆಕೆಂಡಿಗೆ 3000 ಅಡಿ ಓಡುತ್ತದೆ ಅಂತ ಸಾರೋಕೆ.

ರಿಸೀವರ್ ಎಡಗಡೆ ಒಂದು ಪುಟ್ಟ ಕಿಟಕಿ, ಅದರೊಳಗೆ ಹಿತ್ತಾಳೆಯ ಮೇಲೆ ಅಂಕಿ. ಉರುಳೆಯಲ್ಲಿ ಎಷ್ಟು ತೋಟಾ ಉಳಿದಿದೆ ಅಂತ ಅದು ಹೇಳುತ್ತದೆ. ಹಿರಿಯರು ಐದು ಡಮ್ಮಿ ತೋಟಾ ಕೊಟ್ಟರು. ತುಂಬಿದೆ, ಐದು. ಲಿವರ್ ಎಳೆದೆ, ನಾಲ್ಕು. ಮತ್ತೆ ಎಳೆದೆ, ಮೂರು. ನಾನು ಇದನ್ನ ಎಷ್ಟು ಸಲ ಮಾಡಿದೆ ಅಂತ ಬರೆಯೋಕೆ ನಾಚಿಕೆ. ಅವರು ಒಳಗೆ ಹೋಗಿ ಏನೋ ಕೆಲಸ ಮುಗಿಸಿಕೊಂಡು ಬಂದರು, ನಾನಿನ್ನೂ ಎಣಿಸುತ್ತಲೇ ಇದ್ದೆ.

ಲಿವರ್ ಬುಡದಲ್ಲಿ ಚಿಕ್ಕ ವೃತ್ತದೊಳಗೆ ಎಫ್ ಅಕ್ಷರ ಇತ್ತು. 1949ಕ್ಕೆ ಎ ಇಂದ ಶುರು, ಹಾಗಾಗಿ ಎಫ್ ಅಂದರೆ 1954. ತೋಟಾ .300 ಸ್ಯಾವೇಜ್. ಹಿಂದೆ ಉಜ್ಜಿದ ಗುರುತಿಲ್ಲ, ಪಕ್ಕದಲ್ಲಿ ತೂತಿಲ್ಲ. ಟ್ರಿಗರ್ ಲಿವರ್ ಜೊತೆ ಊರು ಸುತ್ತೋಕೆ ಹೋಗಲ್ಲ, ಇದ್ದಲ್ಲೇ ಇರುತ್ತದೆ, ಅದೇ ಮೊಳೆಗೆ ಗುರಿ ಹಿಡಿದರೆ ಒಣಗಿದ ಕಡ್ಡಿ ಮುರಿದ ಹಾಗೆ ಬಿತ್ತು. ಹೊಟ್ಟೆ ಅಡಿಯಲ್ಲಿ ಏನೂ ಚಾಚಿಕೊಂಡಿಲ್ಲ, ಒಂದೇ ಕೈಯಲ್ಲಿ ಹಿಡಿದು ಅಂಗಳದಲ್ಲಿ ಎರಡು ಸುತ್ತು ಹಾಕಿದೆ, ತೂಕ ಸರಿಯಾಗಿ ಅಂಗೈ ನಡುವೆ ಕೂತಿತ್ತು.

ದೋಷ ಇಲ್ವಾ? ಇದೆ. ಹಿಡಿಯ ಮರ ಲೋಹಕ್ಕೆ ಸೇರುವ ಕಡೆ, ಮೇಲಿನ ಟ್ಯಾಂಗ್ (ರಿಸೀವರ್‌ನಿಂದ ಹಿಂದಕ್ಕೆ ಚಾಚಿದ ಲೋಹದ ನಾಲಿಗೆ) ಹಿಂದೆ, ಕೂದಲೆಳೆಯಷ್ಟು ಬಿರುಕು. 99ಗಳಲ್ಲಿ ಮೊದಲು ನೋಡಬೇಕಾದ ಜಾಗವೇ ಅದು. ಎರಡನೆಯದು, ಈಡು ತಾನಾಗಿ ಹಾರದಂತೆ ತಡೆಯುವ ಸೇಫ್ಟಿ ಇರೋದು ಲಿವರ್‌ನ ಬಲಗಡೆ. ಅಂದರೆ ಮತ್ತೆ ನನ್ನ ತಪ್ಪು ಕೈ. 1960ರ ಹೊತ್ತಿಗೆ ಬಂದ ಮಾದರಿಗಳಲ್ಲಿ ಅದು ಟ್ಯಾಂಗ್ ಮೇಲೆ, ಹೆಬ್ಬೆರಳಿಗೆ ಸಿಗುವ ಹಾಗೆ ಇದೆ, ಅದು ನನಗೆ ಎಷ್ಟೋ ವಾಸಿ. ಬೋಲ್ಟ್ ರೈಫಲ್ ಬೇಡ ಎಡಗೈ ಅಂತ ಗೆಳೆಯನ ಹತ್ತಿರ ಆರು ತಿಂಗಳು ವಾದ ಮಾಡಿ, ಕೊನೆಗೆ ಬಲಗೈ ಸೇಫ್ಟಿಗೆ ಮನಸ್ಸು ಕೊಟ್ಟಿದ್ದೀನಿ. ಅವನಿಗೆ ಇದನ್ನು ಹೇಳೋದಿಲ್ಲ. ಮೂರನೆಯದು, ಬೋಲ್ಟ್ ಹಿಂದುಗಡೆ ಬೀಗ ಹಾಕುವುದರಿಂದ ಈಡು ಹಾರಿದಾಗ ಇಡೀ ಆಕ್ಷನ್ ಒಂದು ಎಳೆಯಷ್ಟು ಹಿಗ್ಗುತ್ತದೆ, ಕೇಸೂ ಜೊತೆಗೆ ಹಿಗ್ಗುತ್ತದೆ. ಅದೇ ಕೇಸುಗಳಿಗೆ ಮತ್ತೆ ಮದ್ದು ತುಂಬುವವರಿಗೆ ಅವು ಬೇಗ ಸವೆಯುತ್ತವೆ. 88ರಲ್ಲಿ ಆ ಕಾಟ ಕಡಿಮೆ.

ತೋಟಾ ವಿಷಯವೂ 88ರ ಪರವಾಗಿಯೇ ಇದೆ. .308 ಎಲ್ಲೂ ಸಿಗುತ್ತದೆ. .300 ಸ್ಯಾವೇಜ್ ಹುಡುಕಬೇಕು, ಸಿಕ್ಕಾಗ ನಾಲ್ಕು ಡಬ್ಬಿ ಜಾಸ್ತಿ ಇಟ್ಟುಕೊಳ್ಳಬೇಕು. ತಮಾಷೆ ಅಂದರೆ .308ರ ಹಿಂದೆ ಇರುವುದೇ ಇದು. 1920ರಲ್ಲಿ ಚಿಕ್ಕ ಕೇಸಿನಲ್ಲಿ ಆಗಿನ .30-06ರ ಹತ್ತಿರದ ಶಕ್ತಿ ಕೊಡೋಕೆ .300 ಸ್ಯಾವೇಜ್ ಮಾಡಿದ್ದರು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೈನ್ಯ ಚಿಕ್ಕ ತೋಟಾ ಹುಡುಕುವಾಗ ಪ್ರಯೋಗ ಶುರು ಮಾಡಿದ್ದು ಇದನ್ನು ಇಟ್ಟುಕೊಂಡೇ. ಕೊನೆಗೆ ಅದು .308 ಆಯಿತು, ಮಗ ದೊಡ್ಡವನಾದ ಮೇಲೆ ಅಪ್ಪನನ್ನ ಕೇಳೋರಿಲ್ಲ. ಇಬ್ಬರನ್ನೂ ಮೇಜಿನ ಮೇಲೆ ಪಕ್ಕಪಕ್ಕ ನಿಲ್ಲಿಸಿ ನೋಡಿದೆ. ಅಪ್ಪನಿಗೆ ಕುತ್ತಿಗೆ ಇಲ್ಲವೇ ಇಲ್ಲ ಅನ್ನಬೇಕು, ಅಷ್ಟು ಗಿಡ್ಡ.

ಕಾಗದದ ಮೇಲೆ ಲೆಕ್ಕ ಹಾಕಿದರೆ 88 ಗೆಲ್ಲುತ್ತದೆ. ಬೋಲ್ಟ್ ಬೀಗ, ತೋಟಾ, ಬಿರುಕಿಲ್ಲದ ಮರ. 99ರ ಪರ ಇರೋದು ಟ್ರಿಗರ್ ಮತ್ತು ಹೊರುವ ಸುಖ, ಅಷ್ಟೇ. ಆದರೆ ನಾನು ರೈಫಲ್ಲನ್ನು ಮುಟ್ಟುವುದು ಆ ಎರಡೇ ಜಾಗದಲ್ಲಿ. 99 ಅಂದೆ.

"ಗೊತ್ತಿತ್ತು" ಅಂದರು. "ಅಂಗಳದಲ್ಲಿ ಸುತ್ತು ಹಾಕಿದಾಗಲೇ."

ಒಂದು ಷರತ್ತಿನ ಮೇಲೆ ಒಪ್ಪಂದ ಆಗಿದೆ. ಮೊದಲು ಕೋವಿ ರಿಪೇರಿಯವರ ಹತ್ತಿರ ಒಯ್ದು ಹೆಡ್‌ಸ್ಪೇಸ್ ನೋಡಿಸಬೇಕು, ಅಂದರೆ ತೋಟಾ ಒಳಗೆ ಕೂತಾಗ ಬೋಲ್ಟ್‌ಗೂ ಅದಕ್ಕೂ ಎಷ್ಟು ಸಂದು ಉಳಿಯುತ್ತದೆ ಅಂತ. ಎಪ್ಪತ್ತು ವರ್ಷದ ರೈಫಲ್, ಮುಖ ನೋಡಿ ನಂಬೋಕಾಗಲ್ಲ. ಆ ಬಿರುಕಿಗೂ ಅಂಟು ಇಳಿಸಿ, ಟ್ಯಾಂಗ್ ಹಿಂದೆ ಮರವನ್ನು ಒಂದು ಎಳೆ ಕೆರೆದು ಜಾಗ ಬಿಡಿಸಬೇಕು, ಇಲ್ಲದಿದ್ದರೆ ಲೋಹ ಪ್ರತಿ ಈಡಿಗೂ ಕೊಡಲಿ ಹಾಗೆ ಅದನ್ನೇ ಸೀಳುತ್ತದೆ. ಬುಧವಾರ ಹೋಗ್ತೀನಿ.

ರಾತ್ರಿ 10:40

ಗೆಳೆಯನಿಗೆ ಎರಡೂ ರೈಫಲ್ ಮೇಜಿನ ಮೇಲೆ ಮಲಗಿರುವ ಫೋಟೋ ಕಳಿಸಿದ್ದೆ, 99 ಆರಿಸಿದೆ ಅಂತ ಬರೆದು. ಬೋಲ್ಟ್ ರೈಫಲ್ ಭಾಷಣಕ್ಕೆ ತಯಾರಾಗಿ ಕೂತಿದ್ದೆ. ಒಂದು ಗಂಟೆ ಸದ್ದಿಲ್ಲ. ಈಗ ಬಂತು:

"ಆ 88 ಅವರು ಇನ್ನೂ ಯಾರಿಗೂ ಕೊಟ್ಟಿಲ್ಲ ತಾನೇ?"